ಬೈಕು ಎಲ್ಲಿ ಕೊಳ್ಳಬೇಕು, ಸರ್ವಿಸ್‌ಗೆ ಎಲ್ಲಿ ಬಿಡಬೇಕು: ಮೈಸೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮನೆ ಸಿಕ್ಕಿ, ಗ್ಯಾಸು, ಹಾಲು, ಮಕ್ಕಳ ಶಾಲೆ ಒಂದು ಹದಕ್ಕೆ ಬಂದ ಮೇಲೆ ಹೊಸಬರು ನಮ್ಮ ಸಂಘದಲ್ಲಿ ಕೇಳುವ ಪ್ರಶ್ನೆ ಗಾಡಿಯದ್ದು. ಯಾವ ಶೋರೂಮು ವಾಸಿ, ಯಾವ ಮೆಕ್ಯಾನಿಕ್ ನಂಬಿಕಸ್ಥ? ನಾವು ಯಾವ ಅಂಗಡಿಯ ಹೆಸರನ್ನೂ ಹೇಳುವುದಿಲ್ಲ. ಶೋರೂಮಿನಲ್ಲಿ ಮ್ಯಾನೇಜರ್ ಬದಲಾಗುತ್ತಾರೆ, ಗ್ಯಾರೇಜಿನಲ್ಲಿ ಕೈ ಪಳಗಿದ ಹುಡುಗ ತನ್ನದೇ ಅಂಗಡಿ ಹಾಕಿಕೊಂಡು ಹೊರಡುತ್ತಾನೆ, ಬೋರ್ಡು ಮಾತ್ರ ಅದೇ ಇರುತ್ತದೆ. ಹೋದ ವರ್ಷ ಚೆನ್ನಾಗಿದ್ದ ಜಾಗ ಈ ವರ್ಷವೂ ಚೆನ್ನಾಗಿರಬೇಕೆಂದಿಲ್ಲ. ಯಾವ ಅಂಗಡಿಯನ್ನಾದರೂ ನೀವೇ ಅಳೆದು ನೋಡುವುದು ಹೇಗೆ ಎಂಬುದಷ್ಟೇ ಇಲ್ಲಿದೆ.

ಮೊದಲು ನಂಬರ್ ಪ್ಲೇಟಿನ ವಿಷಯ

ಊರಿನಿಂದ ಗಾಡಿ ತಂದಿದ್ದೀರಾ? ಕಲಬುರಗಿಯ ಕೆಎ-32, ಧಾರವಾಡದ ಕೆಎ-25 ಎಂದು ಇದ್ದರೆ ನಂಬರ್ ಬದಲಿಸುವ ಗೊಡವೆಯೇ ಇಲ್ಲ. ರಾಜ್ಯ ಒಂದೇ ಆದ್ದರಿಂದ ಆರ್‌ಸಿಯಲ್ಲಿ ವಿಳಾಸ ತಿದ್ದಿಸಿದರೆ ಸಾಕು. ಅದಕ್ಕೆ ಫಾರಂ 33, ಮನೆ ಬದಲಿಸಿದ 30 ದಿನದೊಳಗೆ. ಹೊರರಾಜ್ಯದ ಗಾಡಿಯಾದರೆ ಲೆಕ್ಕ ಬೇರೆ. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಹಳೆಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತಂದು, ಇಲ್ಲಿ ಫಾರಂ 27 ಕೊಟ್ಟು, ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯಬೇಕು. ಗಾಡಿ ಹಳೆಯದಾಗಿದ್ದರೆ ಈ ಖರ್ಚು, ಓಡಾಟವನ್ನೆಲ್ಲ ಕೂಡಿಸಿ ನೋಡಿ. ಎಷ್ಟೋ ಸಲ ಅದನ್ನು ಅಲ್ಲೇ ಮಾರಿ ಇಲ್ಲಿ ಬೇರೆ ಕೊಳ್ಳುವುದೇ ಮೇಲು.

ಹೊಸದಾಗಿ ಕೊಂಡರೆ ನಿಮ್ಮ ಮನೆಯ ವಿಳಾಸದ ಮೇಲೆ ಮೈಸೂರು ಪಶ್ಚಿಮದ ಕೆಎ-09 ಅಥವಾ ಪೂರ್ವದ ಕೆಎ-55 ಬರುತ್ತದೆ. ಮಂಡ್ಯದವರಿಗೆ ಕೆಎ-11, ನಾಗಮಂಗಲದ ಕಡೆ ಕೆಎ-54, ಹುಣಸೂರಿನ ಕಡೆ ಕೆಎ-45. ಆಧಾರ್‌ನಲ್ಲಿ ಇನ್ನೂ ಹಳೆಯ ಊರಿನ ವಿಳಾಸವಿದ್ದರೆ ಅದರ ಬದಲಿಗೆ ಏನು ದಾಖಲೆ ಕೊಡಬೇಕೆಂದು ಬುಕಿಂಗ್ ಹಣ ಕಟ್ಟುವ ಮೊದಲೇ ಕೇಳಿ. ಹಣ ಕಟ್ಟಿದ ಮೇಲೆ ಕೇಳಿದರೆ "ಮಾಡ್ಕೊಡ್ತೀವಿ ಬಿಡಿ ಸಾರ್" ಎಂಬ ಉತ್ತರ ಬರುತ್ತದೆ, ಆರ್‌ಸಿ ಬರುವುದಿಲ್ಲ.

ಹೊಸ ಗಾಡಿ: ಬೆಲೆ ಪಟ್ಟಿಯನ್ನು ಬಿಡಿಸಿ ಓದಿ

ಆನ್‌ರೋಡ್ ಬೆಲೆ ಎಂದು ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ. ಎಕ್ಸ್ ಶೋರೂಮ್ ಬೆಲೆ, ಲೈಫ್ ಟ್ಯಾಕ್ಸ್, ನೋಂದಣಿ ಶುಲ್ಕ, ಇನ್ಶೂರೆನ್ಸ್, ಆಕ್ಸೆಸರಿ ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡ ಎಂಜಿನ್‌ಗೆ ಶೇ 40 ಆಗಿದೆ. ಹಳೆಯ ಬೆಲೆ ಪಟ್ಟಿ ಹಿಡಿದು ಮಾತಾಡುವವರ ಹತ್ತಿರ ಇದು ನೆನಪಿರಲಿ.

ಪಟ್ಟಿಯಲ್ಲಿ ಎರಡು ಕಡೆ ಕಣ್ಣಿಡಿ. "ಹ್ಯಾಂಡ್ಲಿಂಗ್", "ಲಾಜಿಸ್ಟಿಕ್ಸ್", "ಫೈಲ್ ಚಾರ್ಜ್" ಎಂಬ ಸಾಲುಗಳು ಸರ್ಕಾರದ ತೆರಿಗೆಯೂ ಅಲ್ಲ, ಆರ್‌ಟಿಒ ಶುಲ್ಕವೂ ಅಲ್ಲ. ತೆಗೆಯಿರಿ ಎನ್ನಿ. ತೆಗೆಯದಿದ್ದರೆ ಅದೇ ಹೆಸರಿನಲ್ಲಿ ರಸೀದಿ ಕೊಡಿ ಎನ್ನಿ. ರಸೀದಿ ಎಂದ ಕೂಡಲೇ ಬಹಳ ಕಡೆ ಆ ಸಾಲು ಮಾಯವಾಗುತ್ತದೆ. ಇನ್ನೊಂದು ಇನ್ಶೂರೆನ್ಸ್. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯ, ಆದರೆ ಅದನ್ನು ಶೋರೂಮಿನಿಂದಲೇ ಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಹೊರಗಿನ ಒಂದು ಕೊಟೇಶನ್ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಅದನ್ನು ತೋರಿಸಿದರೆ ಶೋರೂಮಿನ ದರವೂ ಇಳಿಯುವುದುಂಟು.

ಬಡಾವಣೆಗಳಲ್ಲಿ, ಮಂಡ್ಯ ಜಿಲ್ಲೆಯ ತಾಲ್ಲೂಕುಗಳಲ್ಲಿ ಕಾಣುವ ಸಣ್ಣ ಶೋರೂಮುಗಳಲ್ಲಿ ಎಷ್ಟೋ ಸಬ್ ಡೀಲರ್‌ಗಳು, ಅಂದರೆ ಮುಖ್ಯ ಡೀಲರ್ ಕೈಕೆಳಗೆ ಗಾಡಿ ಮಾರುವವರು. ಅಲ್ಲಿ ಕೊಳ್ಳುವುದು ತಪ್ಪಲ್ಲ. ಆದರೆ ಬಿಲ್ ಯಾರ ಹೆಸರಿನಲ್ಲಿ ಬರುತ್ತದೆ, ವಾರಂಟಿ ಕೆಲಸ ಅಲ್ಲೇ ಮಾಡುತ್ತಾರೋ ಅಥವಾ ಮುಖ್ಯ ಡೀಲರ್ ಹತ್ತಿರ ಕಳಿಸುತ್ತಾರೋ ಎಂದು ಮೊದಲೇ ಕೇಳಿ. ಹಣ ಬಿಲ್ ಕೊಡುವ ಸಂಸ್ಥೆಯ ಖಾತೆಗೇ ಹೋಗಬೇಕು. ಸೇಲ್ಸ್ ಹುಡುಗನ ಫೋನ್ ಪೇ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಡೆಲಿವರಿಯ ದಿನ ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಎಂದು ತಯಾರಕರು ಕೊಡುವ ಪತ್ರ) ನೋಡಿ. ಗಾಡಿ ತಯಾರಾದ ತಿಂಗಳು, ವರ್ಷ ಅದರಲ್ಲಿರುತ್ತದೆ. ಎಂಟು ತಿಂಗಳು ಗೋಡೌನಿನಲ್ಲಿ ನಿಂತ ಗಾಡಿಯಾದರೆ ಬ್ಯಾಟರಿ ಸೊರಗಿರುತ್ತದೆ, ಬೆಲೆ ಇಳಿಸಲು ಕೇಳಬಹುದು. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಬಿಲ್ಲಿನ ಜೊತೆ ನೀವೇ ಹೋಲಿಸಿ. ಎಚ್‌ಎಸ್‌ಆರ್‌ಪಿ (ಹೆಚ್ಚು ಸುರಕ್ಷತೆಯ ನಂಬರ್) ಪ್ಲೇಟನ್ನು ಡೀಲರೇ ಹಾಕಿಕೊಡಬೇಕು. ಪ್ಲೇಟ್ ಇಲ್ಲದೆ ಗಾಡಿ ತಗೊಂಡು ಹೋಗಿ ಎಂದರೆ ಹೋಗಬೇಡಿ, ದಂಡ ಕಟ್ಟುವವರು ನೀವು.

ಆಯುಧಪೂಜೆ, ಯುಗಾದಿಗೆ ಡೆಲಿವರಿ ಬೇಕೆನ್ನುವವರು ಒಂದು ಮಾತು ಕೇಳಿ. ಆ ದಿನ ಶೋರೂಮಿನಲ್ಲಿ ಜಾತ್ರೆ. ಬ್ರೇಕ್, ಚೈನ್, ಟೈರಿನ ಗಾಳಿ, ನಟ್ಟು ಬೋಲ್ಟು ನೋಡುವ ಡೆಲಿವರಿ ಪೂರ್ವ ತಪಾಸಣೆ ಅವತ್ತು ಕಾಗದದ ಮೇಲೆ ಮಾತ್ರ ನಡೆಯುತ್ತದೆ. ಹಿಂದಿನ ದಿನವೇ ಹೋಗಿ ನಿಮ್ಮ ಗಾಡಿಯನ್ನು ಪರಿಶೀಲಿಸಿ, ಹಬ್ಬದ ದಿನ ಕೀ ಮಾತ್ರ ಪಡೆಯಿರಿ. ಪೂಜೆಯಲ್ಲಿ ಅರಿಶಿನ, ಎಣ್ಣೆ ಬ್ರೇಕ್ ಡಿಸ್ಕಿಗೆ ತಾಗದಿರಲಿ. ಕುಂಬಳಕಾಯಿ ಒಡೆದರೆ ಹೋಳನ್ನು ರಸ್ತೆಯಿಂದ ಎತ್ತಿಹಾಕಿ. ಹಿಂದೆ ಬರುವ ಬೈಕು ಜಾರುವುದು ಅದರ ಮೇಲೆಯೇ.

ಸೆಕೆಂಡ್ ಹ್ಯಾಂಡ್ ಗಾಡಿ

2023ರ ಏಪ್ರಿಲ್ 1ರಿಂದ ಹಳೆಯ ಗಾಡಿ ಮಾರುವ ಡೀಲರ್‌ಗೂ ಆರ್‌ಟಿಒದ ಅಧಿಕೃತ ಪ್ರಮಾಣಪತ್ರ ಬೇಕು, ಅದು ಫಾರಂ 29ಬಿ. ತೋರಿಸಿ ಎಂದು ಕೇಳಿ. ಅದಿಲ್ಲದೆ ಸಾಲಾಗಿ ಬೈಕು ನಿಲ್ಲಿಸಿಕೊಂಡವರೆಲ್ಲ ಬರೀ ದಲ್ಲಾಳಿಗಳು. ಆರ್‌ಸಿ ಮಾಲೀಕರ ಜೊತೆ ನೇರವಾಗಿ ಮಾತಾಡಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕಾಗದದ ಕೆಲಸ ಹೀಗೆ: ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ವಿಮೆಯ ದಿನಾಂಕ, ಆರ್‌ಸಿಯ ಅವಧಿ ನೋಡಿ. ಸಾಲ ಬಾಕಿ ಇದ್ದರೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಟ್ರಾಫಿಕ್ ದಂಡ ಎಷ್ಟಿದೆ ಎಂಬುದನ್ನು ಕರ್ನಾಟಕ ಒನ್‌ನಲ್ಲಿ ನೋಡಬಹುದು. ಸಿಗ್ನಲ್ ಕ್ಯಾಮೆರಾದ ದಂಡಗಳು ಗುಡ್ಡೆ ಬಿದ್ದಿರುವ ಗಾಡಿಗಳು ಕಡಿಮೆಯೇನಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆದ ಮೇಲೆ 30 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಖಾಲಿ ಫಾರಂಗೆ ಸಹಿ ಹಾಕಿಸಿ ಬೀರುವಿನಲ್ಲಿಟ್ಟುಕೊಳ್ಳುವುದು ಇಬ್ಬರಿಗೂ ಅಪಾಯ.

ಗಾಡಿ ನೋಡಲು ಬೆಳಿಗ್ಗೆ ಹೋಗಿ. ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಿರುವಾಗ ಸ್ಟಾರ್ಟ್ ಆಗುವ ರೀತಿಯೇ ಎಂಜಿನ್ನಿನ ಜಾತಕ. ಆ್ಯಕ್ಸಲೇಟರ್ ಕೊಟ್ಟಾಗ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ, ಆಯಿಲ್ ಉರಿಯುತ್ತಿದೆ. ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ. ನಡುವೆ ಎಲ್ಲೋ ಕಚ್ಚಿ ನಿಂತಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗಿಸುವ ಬೇರಿಂಗ್) ಹೋಗಿದೆ. ಫೋರ್ಕ್ ಪೈಪಿನ ಮೇಲೆ ಎಣ್ಣೆಯ ಬಳೆ ಕಂಡರೆ ಆಯಿಲ್ ಸೀಲ್ ಸೋರುತ್ತಿದೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಎಳೆಯಿರಿ, ಹಲ್ಲಿನ ಅರ್ಧ ಕಾಣುವಷ್ಟು ಮೇಲೆ ಬಂದರೆ ಚೈನ್ ಕಿಟ್ ಪೂರ್ತಿ ಬದಲಿಸಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಎಂದರೆ 2019ರ 23ನೇ ವಾರದ್ದು. ಮೀಟರ್ 9,000 ಕಿ.ಮೀ. ತೋರಿಸುತ್ತಾ, ಫುಟ್‌ರೆಸ್ಟ್ ರಬ್ಬರ್, ಗೇರ್ ಪೆಡಲ್ ಸವೆದು ನುಣ್ಣಗಾಗಿದ್ದರೆ ಮೀಟರಿನ ಮಾತು ಕೇಳಬೇಡಿ.

ಮೆಕ್ಯಾನಿಕ್‌ನನ್ನು ಅಳೆಯುವುದು ಒಂದು ಆಯಿಲ್ ಚೇಂಜಿನಲ್ಲಿ

ವಾರಂಟಿ ಇರುವವರೆಗೆ ಕಂಪನಿ ಸರ್ವಿಸ್ ಸೆಂಟರ್ ಬಿಡಬೇಡಿ. ಫ್ರೀ ಸರ್ವಿಸ್ ತಪ್ಪಿಸಿದರೆ ನಾಳೆ ಎಂಜಿನ್ ತೊಂದರೆ ಬಂದಾಗ ಅದನ್ನೇ ಮುಂದೆ ಹಿಡಿಯುತ್ತಾರೆ. ಫ್ರೀ ಎಂದರೆ ಕೂಲಿ ಮಾತ್ರ ಫ್ರೀ, ಆಯಿಲ್, ಫಿಲ್ಟರ್‌ಗೆ ದುಡ್ಡು ಕೊಡಬೇಕು. ಜಾಬ್ ಕಾರ್ಡಿನಲ್ಲಿ ಕಿ.ಮೀ., ಪೆಟ್ರೋಲ್ ಮಟ್ಟ, ಮೊದಲೇ ಇದ್ದ ಗೀರುಗಳು, ಅಂದಾಜು ಮೊತ್ತ ಬರೆಸಿ, "ಇದಕ್ಕಿಂತ ಹೆಚ್ಚಾದರೆ ಫೋನ್ ಮಾಡಿ ಕೇಳಬೇಕು" ಎಂದೂ ಬರೆಸಿ. ಟೆಫ್ಲಾನ್ ಕೋಟಿಂಗ್, ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್ ಇವೆಲ್ಲ ಬಿಲ್ ಉದ್ದ ಮಾಡುವ ಬಾಬತ್ತುಗಳು. ಮ್ಯಾನುಯಲ್‌ನಲ್ಲಿ ಆ ಕಿ.ಮೀ.ಗೆ ಏನು ಬರೆದಿದೆಯೋ ಅಷ್ಟೇ ಸಾಕು.

ವಾರಂಟಿ ಮುಗಿದ ಮೇಲೆ ಬಡಾವಣೆಯ ಗ್ಯಾರೇಜು ಅಗ್ಗ, ಹತ್ತಿರ. ಕೈ ಚೆನ್ನಾಗಿದ್ದರೆ ಕಂಪನಿಗಿಂತ ಉತ್ತಮ. ಆದರೆ ಮೊದಲ ದಿನವೇ ಎಂಜಿನ್ ಬಿಚ್ಚಲು ಕೊಡಬೇಡಿ. ಒಂದು ಆಯಿಲ್ ಚೇಂಜ್ ಕೊಟ್ಟು ಪಕ್ಕದಲ್ಲಿ ನಿಂತು ನೋಡಿ. ಅರ್ಧ ಗಂಟೆಯಲ್ಲಿ ಅವರ ಗುಣ ಗೊತ್ತಾಗುತ್ತದೆ.

ಒಳ್ಳೆಯವರು ಮೊದಲು ಕೇಳುವುದು "ಎಷ್ಟು ಕಿಲೋಮೀಟರ್ ಆಗಿದೆ, ಹಿಂದೆ ಯಾವ ಆಯಿಲ್ ಹಾಕಿದ್ರಿ?" ಎಂದು. ಎಂಜಿನ್ ಎರಡು ಮೂರು ನಿಮಿಷ ಓಡಿಸಿ ಬಿಸಿ ಮಾಡುತ್ತಾರೆ, ತೆಳುವಾದ ಆಯಿಲ್ ಪೂರ್ತಿ ಇಳಿಯಲಿ ಎಂದು. ಡ್ರೈನ್ ಬೋಲ್ಟ್ ಬಿಚ್ಚಿದ ಮೇಲೆ ಹತ್ತು ನಿಮಿಷ ಕಾಯುತ್ತಾರೆ. ಬೋಲ್ಟಿನ ಅಲ್ಯುಮಿನಿಯಂ ವಾಷರ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ, ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಾಕುತ್ತಾರೆ. ಅವಸರದವರು ನೇರವಾಗಿ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಜೋರಾಗಿ ಬಿಗಿಯುತ್ತಾರೆ. ಎಂಜಿನ್ ಕೇಸು ಅಲ್ಯುಮಿನಿಯಂ, ಬೋಲ್ಟು ಉಕ್ಕು. ಹೀಗೆ ನಾಲ್ಕು ಸಲ ಬಿಗಿದರೆ ಥ್ರೆಡ್ ಕಿತ್ತು ಬಂದು ಹನಿ ಹನಿ ಸೋರಲು ಶುರು.

ಆಯಿಲ್ ಡಬ್ಬದ ಸೀಲು ನಿಮ್ಮೆದುರು ಒಡೆಯಬೇಕು. ಡ್ರಮ್ಮಿನ ಲೂಸ್ ಆಯಿಲ್ ಬೇಡವೇ ಬೇಡ. ಗೇರ್ ಬೈಕಿಗೆ ಡಬ್ಬದ ಮೇಲೆ ಜಾಸೊ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಎಂದಿರಬೇಕು. ಬೈಕಿನ ಕ್ಲಚ್ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಕಾರಿನ ಆಯಿಲ್ ಹಾಕಿದರೆ ಅದರಲ್ಲಿರುವ ಜಾರಿಕೆಯ ಅಂಶಕ್ಕೆ ಕ್ಲಚ್ ಸ್ಲಿಪ್ ಆಗುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸ್ಕೂಟರಿಗೆ ಎಂಬಿ. 100–125 ಸಿಸಿ ಗಾಡಿ ಸಾಮಾನ್ಯವಾಗಿ ಒಂದು ಲೀಟರಿನೊಳಗೇ ಮುಗಿಯುತ್ತದೆ. ಡಬ್ಬದಲ್ಲಿ ಉಳಿದದ್ದನ್ನೂ ಸುರಿಯುವ ಮೆಕ್ಯಾನಿಕ್‌ನನ್ನು ತಡೆಯಿರಿ: ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ನುಗ್ಗುತ್ತದೆ. ಹೀರೊ, ಹೋಂಡಾ ಬೈಕುಗಳಲ್ಲಿ ಮಟ್ಟ ನೋಡುವಾಗ ಡಿಪ್‌ಸ್ಟಿಕ್ಕನ್ನು ತಿರುಗಿಸದೆ ಸುಮ್ಮನೆ ಇಳಿಬಿಟ್ಟು ನೋಡಬೇಕು. ಇದು ಗೊತ್ತಿದ್ದವರಿಗೆ ಗಾಡಿ ಕೊಡಬಹುದು.

ಮುಂದಿನ ಸಲ ಏನೇ ಪಾರ್ಟ್ ಬದಲಿಸಿದರೂ "ಅಣ್ಣಾ, ಹಳೇದು ಕವರಲ್ಲಿ ಹಾಕ್ಬಿಡಿ" ಎನ್ನಿ. ನೀವು ಕೇಳುವ ಮೊದಲೇ ಕೊಡುವವರಿದ್ದರೆ ಆ ಗ್ಯಾರೇಜು ಬಿಡಬೇಡಿ. ಹೊಸ ಪಾರ್ಟಿನ ಪ್ಯಾಕೆಟ್ಟಿನಲ್ಲಿ ಎಂಆರ್‌ಪಿ, ಪಾರ್ಟ್ ನಂಬರ್, ಹೊಲೊಗ್ರಾಂ ನೋಡಿ. ಬ್ರೇಕ್ ಶೂ, ಸ್ಪಾರ್ಕ್ ಪ್ಲಗ್, ಕ್ಲಚ್ ಕೇಬಲ್ ಇವುಗಳಲ್ಲಿ ನಕಲಿ ಹೆಚ್ಚು. ಏರ್ ಫಿಲ್ಟರ್ ಎಣ್ಣೆ ಹಚ್ಚಿದ ಕಾಗದದ್ದಾಗಿದ್ದರೆ ಗಾಳಿ ಹೊಡೆದು ಮತ್ತೆ ಹಾಕುವಂತಿಲ್ಲ, ಬದಲಿಸಲೇಬೇಕು. ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸುವುದು ಎಂಜಿನ್ ತಣ್ಣಗಿರುವಾಗ. ಓಡಿಸಿಕೊಂಡು ಬಂದ ಗಾಡಿಗೆ ಹತ್ತು ನಿಮಿಷದಲ್ಲಿ "ಟ್ಯಾಪೆಟ್ ಮಾಡ್ದೆ" ಎಂದರೆ ನಂಬಬೇಡಿ. ವಾಟರ್ ವಾಷ್ ಆದ ಮೇಲೆ ಚೈನಿಗೆ ಲ್ಯೂಬ್ ಬಿದ್ದಿದೆಯೇ ಎಂದೂ ನೋಡಿ.

ಮೈಸೂರಿನಲ್ಲಿ ಬ್ರೇಕಿನ ಪರೀಕ್ಷೆ ಚಾಮುಂಡಿ ಬೆಟ್ಟದ ಇಳಿಜಾರು. ಡಿಸ್ಕ್ ಬ್ರೇಕಿನ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಅದರಿಂದ ಕುದಿಯುವ ಬಿಂದು ಇಳಿಯುತ್ತದೆ. ಬೆಟ್ಟ ಇಳಿಯುವಾಗ ಬಿಡದೆ ಬ್ರೇಕ್ ಹಿಡಿದರೆ ಫ್ಲೂಯಿಡ್ ಕುದಿದು ಲಿವರ್ ಮೆತ್ತಗಾಗಿ ಕೈಗೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಫ್ಲೂಯಿಡ್‌ನ ದರ್ಜೆ ಡಾಟ್ 3 ಅಥವಾ 4, ಮುಚ್ಚಳದ ಮೇಲೆ ಬರೆದಿದ್ದೇ ಆಗಬೇಕು. ಸರ್ವಿಸ್ ಬಿಲ್ಲಿನಲ್ಲಿ ಈ ಸಾಲು ಅಪರೂಪಕ್ಕೆ ಕಾಣುತ್ತದೆ, ನೀವೇ ಕೇಳಿ ಮಾಡಿಸಿ. ಬೈಕಿನವರು ಎರಡನೇ ಮೂರನೇ ಗೇರಿನಲ್ಲಿ ಇಳಿಯಿರಿ. ಗೇರಿಲ್ಲದ ಸ್ಕೂಟರಿನವರು ನಡುವೆ ನಿಲ್ಲಿಸಿ ಬ್ರೇಕ್ ಆರಲು ಬಿಡಿ.

ಜಾವಾ, ಯಜ್ದಿ ಆಸೆ ಇದ್ದವರಿಗೆ

ಈ ಊರಿಗೆ ಬಂದವರಿಗೆ ಹಳೆಯ ಜಾವಾ ಬೈಕಿನ ಸದ್ದು ಕೇಳಿ ಆಸೆ ಹುಟ್ಟುವುದು ಸಹಜ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ನಿಂತಿತು. "ನಾನು ಫ್ಯಾಕ್ಟರಿಯಲ್ಲಿದ್ದವನು" ಎನ್ನುವ ಮೆಕ್ಯಾನಿಕ್‌ಗೆ ವಯಸ್ಸು ಐವತ್ತರ ಹತ್ತಿರವಾದರೂ ಆಗಿರಬೇಕು, ಲೆಕ್ಕ ಹಾಕಿಕೊಳ್ಳಿ. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಲೀಟರಿಗೆ 30ರಿಂದ 40 ಮಿ.ಲೀ. ಟೂಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬೆರೆಸಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಹಳೆಯ ರಬ್ಬರ್ ಪೈಪು, ಕಾರ್ಬುರೇಟರ್ ವಾಷರ್ ಊದಿಕೊಳ್ಳುತ್ತವೆ, ವಾರಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ. ನಿತ್ಯ ಆಫೀಸಿಗೆ ಓಡಿಸುವ ಗಾಡಿ ಇದಲ್ಲ. ಕೊಳ್ಳುವ ಮೊದಲು ಆರ್‌ಸಿ ನವೀಕರಣ ಆಗಿದೆಯೇ ನೋಡಿ: 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕು.

ಎರಡು ರಸ್ತೆಯ ವಿಷಯವೂ ತಿಳಿದಿರಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಮಂಡ್ಯಕ್ಕೆ ಹೋಗುವವರು ಸರ್ವಿಸ್ ರಸ್ತೆ ಹಿಡಿಯಬೇಕು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್.

ಮೋಸವಾದರೆ

ಮೊದಲು ಡೀಲರಿಗೆ, ಆಮೇಲೆ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಮಾಡಿ. ಬಾಯಿಮಾತಿನ ದೂರಿಗೆ ಸಾಕ್ಷಿ ಇರುವುದಿಲ್ಲ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು, ತೊಂದರೆಯಾದ ಎರಡು ವರ್ಷದೊಳಗೆ ಸಲ್ಲಿಸಬೇಕು. ಬಿಲ್, ಜಾಬ್ ಕಾರ್ಡ್, ಹಣ ಕಟ್ಟಿದ ದಾಖಲೆ, ಹಳೆಯ ಪಾರ್ಟಿನ ಫೋಟೊ ಜೊತೆಗಿಡಿ. ಬೆಲೆ ಪಟ್ಟಿ ಬಿಡಿಸಿ ಓದಲು ಅಥವಾ ದೂರು ಬರೆಯಲು ಜೊತೆ ಬೇಕೆನಿಸಿದರೆ ಕಾಗದಗಳ ಜೆರಾಕ್ಸ್ ಹಿಡಿದು ಸಂಘಕ್ಕೆ ಬನ್ನಿ, ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ.