ಬಿದ್ದ ಮೇಲಿನ ಮೂರು ಸೆಕೆಂಡು: ಕಾರವಾರದ ಮರಳಲ್ಲಿ ರಗ್ಬಿ

ರಗ್ಬಿ ಆರಡಿ ಆಳುಗಳ ಆಟ, ನಮ್ಮ ಕಬಡ್ಡಿ ಹುಡುಗರಿಗೆ ಆಗುವಂಥದ್ದಲ್ಲ ಎಂದವರೇ ಜಾಸ್ತಿ. ‘ಮಾಸ್ತರ್ರೇ, ಇದ್ದ ಆಟವನ್ನೂ ಹಾಳು ಮಾಡಬೇಡಿ’ ಅಂತ ಕಬಡ್ಡಿ ಕಡೆಯವರು ಮುಖಕ್ಕೇ ಹೇಳಿದ್ದರು. ಈಗ ಇದೇ ಹುಡುಗರ ಸೆವೆನ್ಸ್ (ಏಳು ಜನರ ರಗ್ಬಿ) ತಂಡದ ಎದುರು ಆಡಿ ಹೋದ ಹೊರಜಿಲ್ಲೆಯವರು ಅಭ್ಯಾಸ ಹೇಗೆ ಮಾಡಿಸುತ್ತೀರಿ ಎಂದು ಫೋನ್ ಮಾಡುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ. ನಿಯಮ, ಪೊಸಿಶನ್ನು ನಿಮಗೆ ಗೊತ್ತಿದೆ ಅಂದುಕೊಂಡೇ ಮುಂದಿನ ಮಾತು.

ದೊಡ್ಡ ಆಟಗಾರರ ವಿಡಿಯೊ ಎಲ್ಲರೂ ನೋಡುತ್ತಾರೆ. ನಾವು ನೋಡಿದ್ದು ಚೆಂಡು ಅವರ ಕೈಯಲ್ಲಿ ಇಲ್ಲದ ಹೊತ್ತನ್ನು. 2023ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್-ಸ್ಟೆಫ್ ಡು ಟಾಯ್ಟ್ 28 ಟ್ಯಾಕಲ್ ಮಾಡಿದ (ಅಂದರೆ ಚೆಂಡು ಹಿಡಿದು ಓಡುವವನನ್ನು 28 ಸಲ ಹಿಡಿದು ಕೆಡವಿದ), ತಂಡ 12-11ರಲ್ಲಿ ಗೆದ್ದಿತು. ಒಂದು ಟ್ಯಾಕಲ್ ಯಾರು ಬೇಕಾದರೂ ಹೊಡೆದಾರು. 28 ಆಗಬೇಕಾದರೆ ಪ್ರತಿ ಸಲವೂ ಬೇಗ ಎದ್ದು ಸಾಲಿಗೆ ಬಂದಿರಬೇಕು. ಮೊಬೈಲಿನ ಸ್ಲೋ ಮೋಶನ್ ಹಾಕಿ ಅಳೆದರೆ ನಮ್ಮವರು ಅದಕ್ಕೆ ಸುಮಾರು ಐದು ಸೆಕೆಂಡು ತಿನ್ನುತ್ತಿದ್ದರು. ಈಗ ಮೂರರ ಆಸುಪಾಸು, ಅದೂ ಕೊನೆಯ ಎರಡು ನಿಮಿಷದಲ್ಲಿ.

ಕ್ರಮ ಹೀಗಿದೆ. ಟ್ಯಾಕಲ್ ಬ್ಯಾಗಿಗೆ (ಆಳಿನ ಬದಲು ನಿಲ್ಲಿಸುವ ಮೂಟೆಗೆ) ಹೊಡೆದು ಬಿದ್ದ ಕೂಡಲೇ ಹೊಟ್ಟೆಯ ಮೇಲೆ ಹೊರಳಬೇಕು, ಎರಡೂ ಅಂಗೈ ಎದೆಯ ಕೆಳಗೆ ಬರಬೇಕು, ಒಂದು ಮೊಣಕಾಲು ಮುಂದೆ. ಅಷ್ಟರಲ್ಲಿ ತಲೆ ಎತ್ತಿ, ಎದುರು ನಿಂತವನು ಹಿಡಿದ ಕರವಸ್ತ್ರದ ಬಣ್ಣ ಕೂಗಬೇಕು. ಬಣ್ಣ ತಪ್ಪಿದರೆ ಆ ಟ್ಯಾಕಲ್ ಲೆಕ್ಕಕ್ಕಿಲ್ಲ. ನಾಲ್ಕು ಟ್ಯಾಕಲ್‌ಗೆ ಒಂದು ಸುತ್ತು, ಅರ್ಧ ನಿಮಿಷ ವಿಶ್ರಾಂತಿ, ಐದಾರು ಸುತ್ತು. ಅದಕ್ಕಿಂತ ಹೆಚ್ಚು ಮಾಡಿಸಿದರೆ ಎಲ್ಲರೂ ಸೊಂಟ ಬಗ್ಗಿಸುವುದನ್ನು ಬಿಟ್ಟು ನಿಂತಲ್ಲಿಂದಲೇ ಕೈ ಚಾಚುತ್ತಾರೆ, ಕಲಿತದ್ದೂ ಕೆಡುತ್ತದೆ.

ಕಬಡ್ಡಿಯಿಂದ ಬಂದವರಿಗೆ ಒಂದು ವರ, ಎರಡು ಶಾಪ. ವರವೆಂದರೆ ಕಣ್ಣು. ರೇಡರ್ ಆಗಿದ್ದವನಿಗೆ ಎರಡೂ ಮೂಲೆ ಒಟ್ಟಿಗೇ ಕಾಣುತ್ತದೆ, ಅವನನ್ನು ಫ್ಲೈ-ಹಾಫ್ (ಆಟ ಯಾವ ಕಡೆಗೆ ಎಂದು ನಿರ್ಧರಿಸುವವನು) ಮಾಡಿ ನೋಡಿ. ಶಾಪದಲ್ಲಿ ಮೊದಲನೆಯದು ಹಿಂದಕ್ಕೆ ಎಳೆಯುವ ಅಭ್ಯಾಸ. ಕಬಡ್ಡಿಯಲ್ಲಿ ಅದೇ ಗೆಲುವು. ರಗ್ಬಿಯಲ್ಲಿ ಎಳೆದರೆ ಚೆಂಡು ಹಿಡಿದವನು ನಿಮ್ಮ ಮೇಲೇ ಮುಂದಕ್ಕೆ ಬಿದ್ದು ಒಂದು ಮೀಟರ್ ಗಳಿಸುತ್ತಾನೆ. ಹತ್ತಿರದ ಪಾದ ಅವನ ಪಾದದ ಪಕ್ಕಕ್ಕೆ ಹೋಗಬೇಕು, ಭುಜ ತೊಡೆಗೆ, ಕೆನ್ನೆ ಅವನ ಪೃಷ್ಠಕ್ಕೆ ಅಂಟಬೇಕು, ಆಮೇಲೆ ಕಾಲು ನೂಕುತ್ತಲೇ ಇರಬೇಕು. ಕಬಡ್ಡಿಯ ಆಂಕಲ್ ಹೋಲ್ಡ್ (ಕಣಕಾಲಿನ ಹಿಡಿತ) ಹಾಕುವವನು ತಲೆಯನ್ನು ಮೊಣಕಾಲಿನ ಎದುರಿಗೇ ಒಡ್ಡುತ್ತಾನೆ, ಪೆಟ್ಟು ಬೀಳುವುದು ಅಲ್ಲೇ. ತಲೆಗೆ ಬಡಿದವನು ಆ ದಿನ ಮತ್ತೆ ಮೈದಾನಕ್ಕಿಳಿಯುವಂತಿಲ್ಲ, ಎಷ್ಟೇ ಗೋಗರೆದರೂ ಸರಿಯೆ. ಎರಡನೆಯ ಶಾಪ ಹಿಡಿದದ್ದನ್ನು ಬಿಡದಿರುವುದು. ಟ್ಯಾಕಲ್ ಮಾಡಿದವನು ಬಿಡದಿದ್ದರೆ ಪೆನಾಲ್ಟಿ. ಬಿಟ್ಟು, ಎದ್ದು, ಸ್ವಂತ ಕಾಲ ಮೇಲೆ ನಿಂತು ಚೆಂಡಿಗೆ ಕೈ ಹಾಕಿದರೆ ಅದೇ ಜಾಕಲ್. ನ್ಯೂಜಿಲೆಂಡಿನ ರಿಚಿ ಮೆಕಾ, ಆಸ್ಟ್ರೇಲಿಯಾದ ಡೇವಿಡ್ ಪೋಕಾಕ್ ಹೆಸರು ಮಾಡಿದ್ದು ಈ ಕೆಲಸದಲ್ಲೇ. ಈ ಬಿಡುವ ಅಭ್ಯಾಸ ಬರಲಿಕ್ಕೆ ಇಡೀ ಒಂದು ಮಳೆಗಾಲ ಬೇಕಾಯಿತು.

ಟ್ಯಾಕಲ್ ಬ್ಯಾಗಿನ ಕತೆ ಕೇಳಿ. ಹೊರಗಿಂದ ತರಿಸಿದರೆ ಹದಿನೈದು ಸಾವಿರದ ಮೇಲೆ. ಗೋಣಿಗೆ ಮರಳು ತುಂಬಿದರೆ ಗೋಡೆಗೆ ಗುದ್ದಿದ ಹಾಗೆ, ಭುಜ ಊದಿಕೊಂಡವರೇ ಎಲ್ಲ. ತೆಂಗಿನ ನಾರು ಮೊದಮೊದಲು ಚೆನ್ನಾಗಿತ್ತು, ಸಮುದ್ರದ ತೇವ ಕುಡಿದು ತಿಂಗಳೊಳಗೆ ಗಟ್ಟಿ ಮುದ್ದೆಯಾಯಿತು. ಕಡೆಗೆ ನಿಂತದ್ದು ಇದು: ಬೈತ್‌ಖೋಲ್ ಬಂದರಿನ ಹರಿದ ನೈಲಾನ್ ಬಲೆ ಮಧ್ಯಕ್ಕೆ, ಸುತ್ತ ಸೋಫಾ ಅಂಗಡಿಯ ಫೋಮ್ ಚೂರು ಒಂದು ಗೇಣು ದಪ್ಪ, ಮೇಲೆ ತಾಡಪಾಲಿನ ಎರಡು ಪದರ ಹೊಲಿಗೆ. ಒಂದಕ್ಕೆ ಎರಡು ಸಾವಿರದ ಚಿಲ್ಲರೆ ಬಿದ್ದಿರಬೇಕು. ತೂಕ ಮೂವತ್ತು ಕಿಲೊ ದಾಟಬಾರದು. ತಳವನ್ನು ಹೇಗೆ ಹೊಲಿದರೆ ಬ್ಯಾಗು ತಾನಾಗಿ ನಿಲ್ಲುತ್ತದೆ ಎನ್ನುವುದನ್ನು ಬಂದು ನೋಡಿದವರಿಗೆ ಮಾತ್ರ ತೋರಿಸುತ್ತೇನೆ.

ಮರಳಿನ ವಿಷಯದಲ್ಲಿ ಎಚ್ಚರ. ಗಾಳಿಮರದ ಬುಡದ ಒಣ ಮರಳು ಬೀಳಲಿಕ್ಕೆ ಒಳ್ಳೆಯದು, ಓಡಲಿಕ್ಕಲ್ಲ. ಅಲ್ಲೇ ಓಡಿದವರ ತೊಡೆ ಗಟ್ಟಿಯಾಯಿತು, ಆದರೆ ಪಾದ ನೆಲದಲ್ಲಿ ಹೆಚ್ಚು ಹೊತ್ತು ಕೂರುವ ಚಾಳಿ ಬಿತ್ತು; ಹುಲ್ಲಿನ ಮೇಲೆ ಅರ್ಧ ಹೆಜ್ಜೆ ಹಿಂದೆ. ಓಟವೆಲ್ಲ ಇಳಿತದ ಹೊತ್ತಿನ ಒದ್ದೆ ಮರಳಲ್ಲಿ, ವಾರಕ್ಕೆ ಎರಡು ದಿನ ಹುಲ್ಲಿನ ಮೈದಾನದಲ್ಲಿ. ದಮ್ಮು ಅಳೆಯುವ ಬ್ರಾಂಕೊ ಟೆಸ್ಟ್ ಕೂಡ ಅಲ್ಲೇ: 20, 40, 60 ಮೀಟರ್ ಹೋಗಿ ಬರುವುದು, ಐದು ಸಲ, ಒಟ್ಟು 1200 ಮೀಟರ್. ಐದೂವರೆ ನಿಮಿಷದಲ್ಲಿದ್ದವರು ಐದರ ಕೆಳಗೆ ಬಂದಿದ್ದಾರೆ.

ಮಳೆಗಾಲದ ಪಾಸಿಗೆಂದು ಚೆಂಡಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೂ ಉಂಟು. ರಬ್ಬರಿನ ಹಿಡಿತವೇ ಹೋಯಿತು, ಸುಮಾರು ಎರಡು ಸಾವಿರದ ಚೆಂಡು ಖಲಾಸ್. ಸಾಬೂನು ನೀರು ಸಾಕು, ಆಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿಡಿ. ಉಪ್ಪು ಉಳಿದರೂ ಅದೇ ಗತಿ.

ಇನ್ನು ಫ್ರಾನ್ಸಿನ ಆಟಗಾರ ಆಂಟ್ವಾನ್ ಡುಪಾಂ. ಪಾಸ್ ಕೊಟ್ಟವನು ಅಲ್ಲೇ ನಿಲ್ಲದೆ ಒಳಗಿನ ಸಾಲು ಹಿಡಿದು ಓಡಿ, ಅದೇ ಚೆಂಡನ್ನು ಮತ್ತೆ ಇಸಿದುಕೊಳ್ಳುತ್ತಾನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಸೆವೆನ್ಸ್ ಚಿನ್ನದಲ್ಲೂ ಅವನಿದ್ದ. ನಮ್ಮಲ್ಲಿ ಇದಕ್ಕೊಂದು ಕಾಯ್ದೆ: ಪಾಸ್ ಕೊಟ್ಟವನ ಕೈಗೆ ಮುಂದಿನ ಮೂರು ಪಾಸಿನೊಳಗೆ ಚೆಂಡು ವಾಪಸ್ ಬರಲೇಬೇಕು, ಇಲ್ಲದಿದ್ದರೆ ಎದುರಾಳಿಗೆ ಅಂಕ. ನಾಲ್ಕು ಜನರ ವಿರುದ್ಧ ಮೂವರು, ಹದಿನೈದು ಮೀಟರ್ ಅಗಲ. ಅಗಲ ಜಾಸ್ತಿ ಮಾಡಿದರೆ ಎಲ್ಲರೂ ಪಕ್ಕದ ಗೆರೆಯ ಕಡೆಗೇ ಓಡುತ್ತಾರೆ, ಒಳಗಿನ ಸಾಲು ಯಾರಿಗೂ ಬೇಡ.

ಗಿಡ್ಡ ಎಂದು ಮೂಗು ಮುರಿಯುವವರಿಗೆ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬಿಯನ್ನು ತೋರಿಸಿ, ಸುಮಾರು ಐದೂಮುಕ್ಕಾಲು ಅಡಿಯೂ ಇಲ್ಲ. 2023ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸಿನ ಥಾಮಸ್ ರಾಮೋಸ್ ಹೊಡೆದ ಕನ್ವರ್ಶನ್ನನ್ನು (ಟ್ರೈ ಆದ ಮೇಲಿನ ಎರಡು ಅಂಕದ ಕಿಕ್) ಓಡಿಬಂದು ತಡೆದ. ಆ ಎರಡು ಅಂಕ ಉಳಿದದ್ದಕ್ಕೆ ಅವನ ತಂಡ 29-28ರಲ್ಲಿ ಗೆದ್ದಿತು. ಹದಿನೈದು ಜನರ ಆಟದಲ್ಲಿ (ಸೆವೆನ್ಸ್‌ನಲ್ಲಿ ಹೀಗೆ ತಡೆಯುವಂತಿಲ್ಲ) ಕಿಕ್ಕರ್ ಹೆಜ್ಜೆ ಶುರು ಮಾಡುವ ತನಕ ಗೋಲ್ ಗೆರೆ ದಾಟುವಂತಿಲ್ಲ, ಆದ್ದರಿಂದ ಅವನ ಯಾವ ಅಂಗ ಮೊದಲು ಅಲುಗುತ್ತದೆ ಎಂದು ನೋಡಲು ಕಲಿಸಬೇಕು. ಯಾವ ಅಂಗ ಎಂದು ನಮ್ಮವರಿಗೆ ಗೊತ್ತು, ಮುಂದಿನ ಟೂರ್ನಿ ಮುಗಿಯಲಿ, ಹೇಳುತ್ತೇನೆ.

ಒಟ್ಟು ಖರ್ಚು ಇಪ್ಪತ್ತೈದು ಸಾವಿರದೊಳಗೆ: ಆರು ಚೆಂಡು, ನಾಲ್ಕು ಬ್ಯಾಗು, ಉಳಿದದ್ದು ಮೌತ್‌ಗಾರ್ಡಿಗೆ. ಬಿಸಿನೀರಲ್ಲಿ ಅದ್ದಿ ಕಚ್ಚುವ ಇನ್ನೂರು ಮುನ್ನೂರು ರೂಪಾಯಿಯದ್ದೇ ಸಾಕು, ಆದರೆ ಒಬ್ಬರದ್ದು ಇನ್ನೊಬ್ಬರಿಗೆ ಕೊಡಬೇಡಿ, ಸಡಿಲವಾದ ದಿನವೇ ಬದಲಿಸಿ.