ಬಡಾವಣೆಯ ಮಕ್ಕಳ ಫುಟ್‌ಬಾಲ್ ಕ್ಲಬ್: ನಡೆಸುವುದು ಹೇಗೆ?

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆ ಅಜ್ಜಂದಿರ ಕಾಲದಿಂದ ಆಡುತ್ತಿದ್ದಾರೆ. ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಈಗ ಹೊಸ ಬಡಾವಣೆಗಳಲ್ಲೂ ಅಪ್ಪ ಅಮ್ಮಂದಿರು ಸೇರಿಕೊಂಡು ಮಕ್ಕಳ ಕ್ಲಬ್ ಶುರು ಮಾಡುತ್ತಿದ್ದಾರೆ. ಸಂಬಳದ ಕೋಚ್ ಇಲ್ಲ, ಗಂಟೆಗಿಷ್ಟು ಅಂತ ಟರ್ಫ್ ಬಾಡಿಗೆ ಇಲ್ಲ. ಮನೆಯವರೇ ಬಿಡುವು ಮಾಡಿಕೊಂಡು ನಡೆಸುವ ಕ್ಲಬ್.

ಇಂಥ ಕ್ಲಬ್‌ಗಳು ಹುಟ್ಟುವುದನ್ನೂ ನಿಲ್ಲುವುದನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಚೆಂಡಿಲ್ಲ, ದುಡ್ಡಿಲ್ಲ ಅಂತ ನಿಂತ ಕ್ಲಬ್ ಒಂದೂ ಇಲ್ಲ. ಒಂದೋ ಕೆಲಸವೆಲ್ಲ ಒಬ್ಬರ ತಲೆ ಮೇಲೆ ಬಿದ್ದು ಅವರು ಸುಸ್ತಾದರು. ಇಲ್ಲಾ ಭಾನುವಾರದ ಮ್ಯಾಚಿನಲ್ಲಿ ಅದೇ ಏಳು ಮಕ್ಕಳು ಆಡಿ, ಮಿಕ್ಕವರು ಬೆಂಚ್ ಕಾದು, ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಈ ಎರಡನ್ನು ಮೊದಲೇ ಸರಿ ಮಾಡಿಕೊಂಡರೆ ಉಳಿದದ್ದು ಅಷ್ಟು ಕಷ್ಟವಿಲ್ಲ.

ಮೈದಾನ

ಬೆಳಿಗ್ಗೆ ಆರೂವರೆಯಿಂದ ಎಂಟು. ಇದೇ ಒಳ್ಳೆಯ ಹೊತ್ತು. ಆಮೇಲೆ ಬಿಸಿಲು, ಜೊತೆಗೆ ಕ್ರಿಕೆಟ್ ಆಡುವವರು ಬರುತ್ತಾರೆ. ಪಾಲಿಕೆ ಮೈದಾನವಾದರೆ ಅಲ್ಲಿ ದಿನಾ ಆಡುವ ಕ್ರಿಕೆಟ್ ಹುಡುಗರ ಜೊತೆ ಮೊದಲು ಮಾತಾಡಿ. ಮೂಲೆಯೊಂದನ್ನು ಅವರು ಒಪ್ಪಿ ಬಿಟ್ಟುಕೊಟ್ಟರೆ ಅದಕ್ಕಿಂತ ಗಟ್ಟಿ ಪರವಾನಗಿ ಬೇರೆ ಇಲ್ಲ. ಶಾಲೆ ಮೈದಾನವಾದರೆ ಮುಖ್ಯೋಪಾಧ್ಯಾಯರಿಗೆ ಪತ್ರ ಕೊಡಿ: ಯಾವ ದಿನ, ಎಷ್ಟು ಹೊತ್ತು, ಬೀಗದ ಕೈ ಯಾರ ಹತ್ತಿರ, ಕಸ ಯಾರು ತೆಗೆಯುತ್ತಾರೆ. ಬಾಯಿಮಾತಿನಲ್ಲಿ ಸಿಕ್ಕ ಮೈದಾನ ಮುಖ್ಯೋಪಾಧ್ಯಾಯರು ಬದಲಾದ ದಿನ ಹೋಗುತ್ತದೆ.

ಆಟಕ್ಕೆ ಮುಂಚೆ ಇಬ್ಬರು ದೊಡ್ಡವರು ಮೈದಾನದ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆಯಬೇಕು. ಬಾಟಲಿ ಚೂರು, ಮೊಳೆ, ಕ್ರಿಕೆಟ್‌ನವರು ಬಿಟ್ಟುಹೋದ ಇಟ್ಟಿಗೆ, ನಾಯಿ ತೋಡಿದ ಗುಂಡಿ. ಐದೇ ನಿಮಿಷದ ಕೆಲಸ. ಒಂದು ದಿನವೂ ಬಿಡಬೇಡಿ.

ನೋಂದಣಿ, ದುಡ್ಡು

ಟೂರ್ನಿಗಳಿಗೆ ಹೋಗುವ ಯೋಚನೆ ಇದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಿ. ಕನಿಷ್ಠ ಏಳು ಜನ ವಯಸ್ಕ ಸದಸ್ಯರು ಬೇಕು. ಹೆಸರಿಗೆ ಏಳು ಜನ ಸಾಲದು, ಕೆಲಸ ಮಾಡುವ ಏಳು ಜನ ಇರಲಿ. ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ, ಇಬ್ಬರ ಸಹಿ. ಒಬ್ಬರ ಸ್ವಂತ ಫೋನ್‌ಪೇ ನಂಬರಿಗೆ ಫೀಸು ಹಾಕಿಸಿಕೊಳ್ಳುವ ಸುಲಭದ ದಾರಿ ಎಲ್ಲರೂ ಹಿಡಿಯುತ್ತಾರೆ. ಬೇಡ. ಆ ಮನುಷ್ಯ ಎಷ್ಟೇ ಪ್ರಾಮಾಣಿಕರಾಗಿರಲಿ, ಆರು ತಿಂಗಳಿಗೆ ಯಾರೋ ಒಬ್ಬರು ಗುಸುಗುಸು ಶುರು ಮಾಡುತ್ತಾರೆ. ತಿಂಗಳ ಕೊನೆಗೆ ಲೆಕ್ಕದ ಪುಟದ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಿ. ಕೋಚ್ ದುಡ್ಡು ಮುಟ್ಟಬಾರದು. ಫೀಸು ಕಟ್ಟಲಾಗದ ಮನೆಯ ಮಗು ಇದ್ದರೆ ಅದು ಖಜಾಂಚಿಗೆ ಮಾತ್ರ ಗೊತ್ತಿರಲಿ.

ಕೆಲಸ ಹಂಚುವುದು

ಗುಂಪಿನಲ್ಲಿ "ಯಾರಾದರೂ ಸಹಾಯ ಮಾಡ್ತೀರಾ?" ಅಂತ ಹಾಕಿದರೆ ಹೆಬ್ಬೆರಳಿನ ಚಿತ್ರಗಳು ಬರುತ್ತವೆ, ಜನ ಬರುವುದಿಲ್ಲ. ಯಾರಾದರೂ ಅಂದರೆ ಯಾರೂ ಅಲ್ಲ ಅಂತಲೇ ಅಲ್ವಾ? ಹೆಸರು ಹಿಡಿದು, ಎದುರಿಗೆ ನಿಂತು ಕೇಳಬೇಕು. ಕೆಲಸ ಯಾವುದು, ವಾರಕ್ಕೆ ಎಷ್ಟು ಹೊತ್ತು, ಯಾವಾಗ ಮುಗಿಯುತ್ತೆ, ಮೂರನ್ನೂ ಹೇಳಬೇಕು. "ಜೂನ್‌ನಿಂದ ಆಗಸ್ಟ್‌ವರೆಗೆ, ಭಾನುವಾರ ಮಾತ್ರ, ನೀರಿನ ಕ್ಯಾನ್ ಮತ್ತು ಫಸ್ಟ್ ಏಡ್ ಡಬ್ಬ ತಂದು ವಾಪಸ್ ಒಯ್ಯುವುದು." ಹೀಗೆ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಕೊನೆ ದಿನಾಂಕ ಇಲ್ಲದ ಕೆಲಸಕ್ಕೆ ಜನ ಹೆದರುತ್ತಾರೆ, ಅದು ಸಹಜ.

ಕೆಲಸಗಳನ್ನು ಆದಷ್ಟು ಸಣ್ಣದಾಗಿ ಕತ್ತರಿಸಿ: ಮೈದಾನ, ಹಾಜರಿ ಪುಸ್ತಕ, ದುಡ್ಡು, ನೀರು ಮತ್ತು ಔಷಧಿ ಡಬ್ಬ, ಚೆಂಡು ಮತ್ತು ಬಿಬ್ಸ್ (ತಂಡದ ಗುರುತಿಗೆ ಅಂಗಿ ಮೇಲೆ ಹಾಕುವ ಬಣ್ಣದ ಮೇಲಂಗಿ), ಬೇರೆ ಕ್ಲಬ್‌ಗಳ ಜೊತೆ ಮ್ಯಾಚ್ ಮಾತಾಡುವುದು, ನಿಮಿಷದ ಹಾಳೆ. ಈ ಕೊನೆಯದರ ಬಗ್ಗೆ ಮುಂದೆ ಹೇಳುತ್ತೇನೆ. ಪ್ರತಿ ಕೆಲಸಕ್ಕೂ ಇಬ್ಬರು. ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರಿರುತ್ತಾರೆ. ಫುಟ್‌ಬಾಲ್ ಗೊತ್ತಿಲ್ಲ ಅನ್ನುವ ಅಮ್ಮಂದಿರನ್ನು, ಅಜ್ಜಂದಿರನ್ನು ಬಿಡಬೇಡಿ. ಕ್ಲಬ್ಬಿನ ಮುಕ್ಕಾಲು ಕೆಲಸಕ್ಕೆ ಫುಟ್‌ಬಾಲ್ ಗೊತ್ತಿರಬೇಕಾಗಿಲ್ಲ.

ಒಂದು ನಿಯಮದಲ್ಲಿ ಮಾತ್ರ ರಾಜಿ ಬೇಡ. ದೊಡ್ಡವರು ಯಾರೇ ಆಗಲಿ, ಮಗುವಿನ ಜೊತೆ ಒಬ್ಬರೇ ಇರಬಾರದು. ಮೈದಾನದಲ್ಲಿ, ಕಾರಿನಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಎಲ್ಲೂ. ಮಕ್ಕಳಿಗೆ ಕೋಚ್ ನೇರವಾಗಿ ಮೆಸೇಜ್ ಕಳಿಸಬಾರದು, ಎಲ್ಲವೂ ಪೋಷಕರ ಗುಂಪಿನ ಮೂಲಕವೇ ಹೋಗಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಅಂತ ಸ್ವಯಂಸೇವಕರೆಲ್ಲ ಒಮ್ಮೆ ಕೂತು ಓದಿಕೊಳ್ಳಿ. "ನಮ್ಮವರೇ ಅಲ್ವಾ" ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಸಾಮಾನು

ಎಂಟು ವರ್ಷದೊಳಗಿನವರಿಗೆ 3ನೇ ಸೈಜ್ ಚೆಂಡು, ಹನ್ನೆರಡರವರೆಗೆ 4, ಆಮೇಲೆ 5. ಎಲ್ಲರಿಗೂ 5 ತಂದರೆ ಉಳಿತಾಯ ಅಂದುಕೊಳ್ಳಬೇಡಿ. ಪುಟ್ಟ ಮಗು ಅದನ್ನು ಒದೆಯಲು ಇಡೀ ಮೈ ತಿರುಗಿಸುತ್ತೆ, ಕಾಲು ನೋಯಿಸಿಕೊಳ್ಳುತ್ತೆ. ನಮ್ಮ ಮಣ್ಣಿನ ಮೈದಾನಕ್ಕೆ ದಪ್ಪ ರಬ್ಬರ್ ಹೊದಿಕೆಯ ಚೆಂಡೇ ಸರಿ. ಹೊಳೆಯುವ, ಅಗ್ಗದ, ವಿಶ್ವಕಪ್ ಬಣ್ಣ ಬಳಿದ ನಕಲಿ ಚೆಂಡುಗಳು ಎರಡು ವಾರಕ್ಕೆ ಸಿಪ್ಪೆ ಬಿಡುತ್ತವೆ.

ಅಡಿಯಲ್ಲಿ ಉದ್ದ ಸ್ಟಡ್‌ಗಳು, ಅಂದರೆ ಮೊಳೆಯಂಥ ಗುಬುಟುಗಳು ಇರುವ ಬೂಟು ಬೇಡವೇ ಬೇಡ. ಅವು ಹುಲ್ಲಿಗೆ ಮಾಡಿದವು. ಗಟ್ಟಿ ನೆಲದಲ್ಲಿ ಪಾದ ಸರಿಯಾಗಿ ಊರುವುದಿಲ್ಲ, ಪಾದದ ಕೀಲು ಉಳುಕುತ್ತದೆ. ಸಣ್ಣ ರಬ್ಬರ್ ಗುಬುಟಿನ ಟರ್ಫ್ ಶೂ ಸಾಕು, ಕ್ಯಾನ್ವಾಸ್ ಶೂ ಇದ್ದರೂ ನಡೆಯುತ್ತೆ. ದುಡ್ಡನ್ನು ಮೊದಲು ಶಿನ್ ಗಾರ್ಡಿಗೆ, ಅಂದರೆ ಮೊಣಕಾಲಿನ ಕೆಳಗೆ ಮುಂಗಾಲಿಗೆ ಕಟ್ಟುವ ರಕ್ಷೆಗೆ ಹಾಕಿ. ಅದಿಲ್ಲದೆ ಯಾರನ್ನೂ ಮ್ಯಾಚಿಗೆ ಇಳಿಸಬೇಡಿ, ಆಟದ ನಿಯಮವೂ ಅದೇ.

ಎತ್ತಿ ಇಡುವ ಕಬ್ಬಿಣದ ಗೋಲ್ ಪೋಸ್ಟ್ ಇದ್ದರೆ ಹಿಂದಿನ ಪೈಪಿನ ಮೇಲೆ ಮರಳಿನ ಮೂಟೆ ಇರಲೇಬೇಕು. ಮಕ್ಕಳು ಅಡ್ಡಪಟ್ಟಿಗೆ ಜೋತುಬೀಳುತ್ತಾರೆ, ಪೋಸ್ಟ್ ಮುಂದಕ್ಕೆ ಮಗುಚುತ್ತದೆ. ಹೀಗೆ ಮಕ್ಕಳ ಪ್ರಾಣವೇ ಹೋಗಿದೆ. ಮೂಟೆ ಇಲ್ಲದ ದಿನ ಎರಡು ಕೋನ್ ಇಟ್ಟು ಆಡಿಸಿ.

ಅಭ್ಯಾಸ

ವಾರಕ್ಕೆ ಎರಡು ದಿನ ಸಾಕು. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಒದೆಸುವುದು, ಶಿಕ್ಷೆಗೆ ಮೈದಾನ ಸುತ್ತಿಸುವುದು ನಿಲ್ಲಲಿ. ನಾಲ್ಕು ಜನಕ್ಕೆ ನಾಲ್ಕು ಜನ ಅಂತ ಸಣ್ಣ ಸಣ್ಣ ಆಟ ಹಾಕಿ. ಎಲ್ಲರ ಕಾಲಿಗೂ ಚೆಂಡು ಸಿಗುತ್ತೆ. ಹುಡುಗ ಹುಡುಗಿಯರನ್ನು ಒಟ್ಟಿಗೇ ಆಡಿಸಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ತಂದ ಗೋಲ್ಡನ್ ಬೇಬಿ ಲೀಗ್‌ಗಳಲ್ಲೂ ಹಾಗೇ ಇತ್ತು. ಹತ್ತು ವರ್ಷದವರೆಗೆ ತಲೆಯಿಂದ ಚೆಂಡು ಹೊಡೆಸಬೇಡಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಈ ವಯಸ್ಸಿನವರಿಗೆ ಅದನ್ನು ನಿಲ್ಲಿಸಿತು. ಕಾರಣ, ಎಳೆ ಮಿದುಳಿಗೆ ಆಗುವ ಪೆಟ್ಟು.

ಮ್ಯಾಚ್ ದಿನ, ನಿಮಿಷದ ಹಾಳೆ

ಎಲ್ಲರೂ ಎಡವುವುದು ಇಲ್ಲೇ. ಅಭ್ಯಾಸಕ್ಕೆ ಎಲ್ಲ ಮಕ್ಕಳೂ ಬೇಕು, ಮ್ಯಾಚಿಗೆ ಚೆನ್ನಾಗಿ ಆಡುವವರು ಮಾತ್ರ ಸಾಕು ಅಂತ ಕೋಚ್ ಮನಸ್ಸು ಹೇಳುತ್ತದೆ. ಕೊನೆಗೆ "ಐದು ನಿಮಿಷ ಹಾಕ್ತೀನಿ" ಅಂತ ಮಾತು ಕೊಡುತ್ತಾರೆ. ಸ್ಕೋರ್ 1-1 ಆಗಿರುತ್ತೆ, ಆ ಐದು ನಿಮಿಷ ಬರುವುದೇ ಇಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಸಾಕ್ಸ್ ಎಳೆದುಕೊಂಡು, ಶಿನ್ ಗಾರ್ಡ್ ಕಟ್ಟಿಕೊಂಡು ಬಂದ ಮಗು ಬೆವರದೆ ಮನೆಗೆ ಹೋಗುತ್ತದೆ.

ನನ್ನ ನಿಯಮ ಇದು: ಹನ್ನೆರಡು ವರ್ಷದವರೆಗೆ ಎಲ್ಲರಿಗೂ ಸಮ ನಿಮಿಷ. ಹದಿಮೂರರಿಂದ ಕನಿಷ್ಠ ಅರ್ಧ ಆಟ. ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ 1964ರಲ್ಲಿ ಶುರುವಾದ ಎವೈಎಸ್ಒ ಅನ್ನುವ ಮಕ್ಕಳ ಫುಟ್‌ಬಾಲ್ ಸಂಸ್ಥೆ ಕೂಡ ಸ್ವಯಂಸೇವಕರಿಂದಲೇ ನಡೆಯುತ್ತದೆ. ಎಲ್ಲರೂ ಆಡಬೇಕು, ಪ್ರತಿ ಮಗುವಿಗೂ ಕನಿಷ್ಠ ಅರ್ಧ ಆಟ ಸಿಗಲೇಬೇಕು ಅನ್ನುವುದು ಅದರ ಮೂಲ ನಿಯಮ.

ಆದರೆ ನಿಯಮ ಬರೆದಿಟ್ಟರೆ ಸಾಲದು, ಮೈದಾನದ ಗಲಾಟೆಯಲ್ಲಿ ಅದು ನಡೆಯುವಂತೆ ಮಾಡಬೇಕು. ಅದಕ್ಕೇ ಹಾಳೆ.

ತಂಡಕ್ಕೆ ಏಳು ಜನರ ಆಟ, 20 ನಿಮಿಷದ ಎರಡು ಅರ್ಧ, ನಿಮ್ಮ ಹತ್ತಿರ 10 ಮಕ್ಕಳು ಅಂತಿಟ್ಟುಕೊಳ್ಳಿ. ಆಟವನ್ನು ಹತ್ತು ನಿಮಿಷದ ನಾಲ್ಕು ತುಂಡು ಮಾಡಿ. ಪ್ರತಿ ತುಂಡಿನಲ್ಲೂ ಮೂವರು ಹೊರಗೆ ಕೂರಬೇಕು. ಮಕ್ಕಳ ಹೆಸರು 1ರಿಂದ 10ರವರೆಗೆ ಬರೆಯಿರಿ. ಮೊದಲ ತುಂಡಿನಲ್ಲಿ 1, 2, 3 ಹೊರಗೆ. ಎರಡನೆಯದರಲ್ಲಿ 4, 5, 6. ಮೂರನೆಯದರಲ್ಲಿ 7, 8, 9. ನಾಲ್ಕನೆಯದರಲ್ಲಿ 10, ಮತ್ತೆ 1, 2. ಎಂಟು ಮಕ್ಕಳಿಗೆ 30 ನಿಮಿಷ ಸಿಕ್ಕಿತು, ಇಬ್ಬರಿಗೆ 20. ಮುಂದಿನ ಮ್ಯಾಚಿನಲ್ಲಿ ಮತ್ತೆ 1ರಿಂದ ಶುರು ಮಾಡಬೇಡಿ. ತಪ್ಪಾಗುವುದು ಇಲ್ಲೇ. ನಿಲ್ಲಿಸಿದ ಕಡೆಯಿಂದ, ಅಂದರೆ 3, 4, 5ರಿಂದ ಮುಂದುವರಿಸಿ. ಐದು ಮ್ಯಾಚ್ ಮುಗಿಯುವಾಗ ಪ್ರತಿ ಮಗುವೂ ಸರಿಯಾಗಿ ಆರು ಸಲ ಕೂತಿರುತ್ತದೆ. ಒಂದು ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ.

ಹೆಸರು ಬರೆಯುವ ಕ್ರಮದಲ್ಲಿ ಸ್ವಲ್ಪ ಜಾಣತನ ಬೇಕು. ಅಕ್ಷರ ಕ್ರಮದಲ್ಲಿ ಬರೆಯಬೇಡಿ. ಚೆನ್ನಾಗಿ ಆಡುವ ಮೂವರು ಅಕ್ಕಪಕ್ಕ ಬಂದರೆ ಅವರೆಲ್ಲ ಒಟ್ಟಿಗೇ ಹೊರಗೆ ಕೂತು ಆ ಹತ್ತು ನಿಮಿಷದಲ್ಲಿ ನಾಲ್ಕು ಗೋಲು ಬೀಳುತ್ತದೆ. ಬಲವಾದವರು, ಹೊಸಬರು, ಮಧ್ಯದವರು ಅಂತ ಬೆರೆಸಿ ಬರೆಯಿರಿ. ಒಮ್ಮೆ ಬರೆದ ಮೇಲೆ ಸೀಸನ್ ಪೂರ್ತಿ ಅದೇ ಕ್ರಮ.

ಗೋಲ್‌ಕೀಪರ್ ಗೊಂದಲ ಎಲ್ಲರಿಗೂ ಬರುತ್ತದೆ. ಅರ್ಧಕ್ಕೊಬ್ಬರಂತೆ ಗೋಲಿ ಬದಲಾಗಲಿ. ಮೊದಲರ್ಧದ ಗೋಲಿಯನ್ನು 7ರಿಂದ 10ರೊಳಗೆ ಆರಿಸಿ, ಆ ಅರ್ಧದಲ್ಲಿ ಅವರ ಕೂರುವ ಸರದಿ ಇಲ್ಲ. ಎರಡನೇ ಅರ್ಧಕ್ಕೆ 3ರಿಂದ 6ರೊಳಗೆ. ಮುಂದಿನ ಮ್ಯಾಚಿಗೆ ಸರದಿ ನೋಡಿ ಹೀಗೇ ಲೆಕ್ಕ ಹಾಕಿ. ದಪ್ಪಗಿರುವ ಮಗುವನ್ನು ಸದಾ ಗೋಲಿಗೆ ನಿಲ್ಲಿಸುವ ಹಳೇ ಚಾಳಿ ನಮ್ಮಲ್ಲಿ ಇನ್ನೂ ಇದೆ. ಅದನ್ನು ಇವತ್ತೇ ಬಿಡಿ. ಆ ಮಗುವಿಗೂ ಓಡಬೇಕು ಅಂತ ಆಸೆ ಇರುತ್ತೆ.

ಮಗು ಬರದಿದ್ದರೆ? ಸರದಿ ದಾಟಿಸಿ ಮುಂದಿನ ಹೆಸರಿಗೆ ಹೋಗಿ. ಬರದೇ ಇದ್ದದ್ದನ್ನು ಕೂತದ್ದು ಅಂತ ಲೆಕ್ಕ ಹಿಡಿಯಬೇಡಿ, ಶಿಕ್ಷೆ ಅಂತ ಜಾಸ್ತಿ ಕೂರಿಸಲೂಬೇಡಿ. ಎಂಟು ವರ್ಷದ ಮಗು ತಾನಾಗಿ ತಡ ಮಾಡುವುದಿಲ್ಲ, ಕರೆತರುವವರು ತಡ ಮಾಡುತ್ತಾರೆ. ಪೆಟ್ಟು ಬಿದ್ದರೆ ಮಾತ್ರ ಹಾಳೆ ಬದಲಿಸಬಹುದು. ಸ್ಕೋರ್ ನೋಡಿ ಬದಲಿಸುವಂತಿಲ್ಲ.

ಹಾಳೆ ಕೋಚ್ ಕೈಯಲ್ಲಿ ಇರಬಾರದು. ಕ್ಲಿಪ್ ಹಾಕಿದ ರಟ್ಟಿನ ಮೇಲೆ ಹಾಳೆ, ಪೆನ್ಸಿಲ್, ಒಂದು ಮೊಬೈಲ್ ಟೈಮರ್ ಹಿಡಿದು ಗೆರೆಯ ಪಕ್ಕ ನಿಲ್ಲಲು ಬೇರೆ ಒಬ್ಬರು ಬೇಕು. ಆ ತಂಡದಲ್ಲಿ ಅವರ ಮಗು ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಪೆನ್ಸಿಲ್ ಯಾಕೆ ಅಂದರೆ ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತೆ. ಒಂಬತ್ತನೇ ನಿಮಿಷಕ್ಕೆ ಮುಂದಿನ ಮೂವರ ಹೆಸರು ಕೂಗಬೇಕು, ಒಳಗೆ ಹೋಗುವವರು ಬಿಬ್ ಸರಿ ಮಾಡಿಕೊಂಡು ಗೆರೆ ಹತ್ತಿರ ನಿಂತಿರಬೇಕು. ಹತ್ತಕ್ಕೆ ಬದಲಾವಣೆ. ಇದಕ್ಕೆ ಆ್ಯಪ್‌ಗಳೂ ಇವೆ. ಬಿಸಿಲಲ್ಲಿ ಫೋನಿನ ಪರದೆ ಕಾಣುವುದಿಲ್ಲ, ಚಾರ್ಜ್ ಮುಗಿಯುತ್ತೆ. ನನ್ನ ಮತ ಕಾಗದಕ್ಕೇ. ಇನ್ನೊಂದು ಕಾರಣವೂ ಇದೆ: ಹಾಳೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಮಕ್ಕಳೇ ಬಂದು ಬೆರಳಿಟ್ಟು ತಮ್ಮ ಸರದಿ ನೋಡಿಕೊಳ್ಳುತ್ತಾರೆ. "ನಾನು ಯಾವಾಗ?" ಅಂತ ಕೇಳುವುದು ನಿಂತುಹೋಗುತ್ತದೆ.

"ನಮ್ಮ ಹುಡುಗ ಚೆನ್ನಾಗಿ ಆಡ್ತಾನೆ, ಅವನನ್ನ ಯಾಕೆ ಕೂರಿಸ್ತೀರಿ?" ಅಂತ ಅಪ್ಪಂದಿರು ಬಂದೇ ಬರುತ್ತಾರೆ. ಈ ಮಾತು ಮ್ಯಾಚ್ ದಿನ ಬಂದರೆ ನೀವು ತಡ ಮಾಡಿದ್ದೀರಿ ಅಂತ ಅರ್ಥ. ಸೇರುವಾಗಲೇ ನಿಯಮವನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಓದಿ ಹೇಳಿ, ಸಹಿ ಮಾಡಿಸಿಕೊಳ್ಳಿ. ಆಮೇಲೂ ಬಂದರೆ ಗೆರೆ ಪಕ್ಕ ವಾದ ಬೇಡ, ಮಾರನೇ ದಿನ ಮಾತಾಡೋಣ ಅನ್ನಿ. ಒಪ್ಪದವರು ಬೇರೆ ಅಕಾಡೆಮಿಗೆ ಹೋಗಲಿ. ಒಬ್ಬ ಒಳ್ಳೆಯ ಆಟಗಾರ ಹೋದರೆ ಕ್ಲಬ್ ಉಳಿಯುತ್ತದೆ. ಬೆಂಚ್ ಕಾಯ್ದ ಐದು ಮಕ್ಕಳು ಹೋದರೆ ಉಳಿಯುವುದಿಲ್ಲ.

ಬದಿಯಲ್ಲಿ ನಿಂತವರು ಚಪ್ಪಾಳೆ ತಟ್ಟಬಹುದು, ಹೆಸರು ಕೂಗಬಹುದು. "ಪಾಸ್ ಕೊಡೋ", "ಹೊಡಿಯೋ" ಅಂತ ಹೇಳಿಕೊಡಬಾರದು. ರೆಫರಿಯಾಗಿ ಕ್ಲಬ್ಬಿನ ದೊಡ್ಡ ಮಕ್ಕಳನ್ನೇ ನಿಲ್ಲಿಸಿ. ಹದಿನೈದರ ಹುಡುಗಿ ಸೀಟಿ ಊದುತ್ತಿದ್ದಾಳೆ ಅಂತ ಅವಳ ಮೇಲೆ ಕೂಗಾಡುವ ದೊಡ್ಡವರನ್ನು ಆ ದಿನ ಮೈದಾನದಿಂದ ಆಚೆ ಕಳಿಸಿ.

ಟೂರ್ನಿ

ಜನನ ಪ್ರಮಾಣಪತ್ರದ ಪ್ರತಿ ಸೇರುವ ದಿನವೇ ತೆಗೆದುಕೊಳ್ಳಿ. ವಯಸ್ಸು ತಿದ್ದಿ ಆಡಿಸುವ ಕ್ಲಬ್‌ಗಳಿವೆ, ಅವರ ಜೊತೆ ಮ್ಯಾಚ್ ಒಪ್ಪಬೇಡಿ. ಸೋತರೆ ಮನೆಗೆ ಅನ್ನುವ ನಾಕೌಟ್ ಟೂರ್ನಿಗಿಂತ, ದಿನಕ್ಕೆ ಮೂರು ಸಣ್ಣ ಮ್ಯಾಚ್ ಸಿಗುವ ಲೀಗ್ ಮಾದರಿ ಒಳ್ಳೆಯದು. ಅಲ್ಲೂ ಅದೇ ಹಾಳೆ, ಫೈನಲ್ ಆದರೂ ಅದೇ.

ಸೀಸನ್ ಮುಗಿದಾಗ

ಕೆಲಸ ಹಸ್ತಾಂತರಕ್ಕೆ ಒಂದು ದಿನ ಇಡಿ. ಹಾಜರಿ ಪುಸ್ತಕ, ಲೆಕ್ಕದ ಪುಸ್ತಕ, ಎಲ್ಲ ನಿಮಿಷದ ಹಾಳೆಗಳು, ಮೈದಾನದ ಪತ್ರ, ಬೀಗದ ಕೈ ಒಂದೇ ಪೆಟ್ಟಿಗೆಯಲ್ಲಿ ಇರಲಿ. ಎರಡು ವರ್ಷ ಮಾಡಿದವರು ಆ ಕೆಲಸ ಬಿಟ್ಟು ಬೇರೆ ಕೆಲಸ ಹಿಡಿಯಲಿ, ಕೋಚ್ ಕೂಡ. ಹೊಸಬರು ಮೊದಲ ತಿಂಗಳು ಹಳಬರ ಪಕ್ಕದಲ್ಲೇ ನಿಂತು ಮಾಡಲಿ. ಸಂಘದ ವಾರ್ಷಿಕ ಸಭೆಯ ದಿನಾಂಕವನ್ನೂ ಅವತ್ತೇ ಗೊತ್ತು ಮಾಡಿ, ನೋಂದಣಿ ಕಚೇರಿಗೆ ಕೊಡಬೇಕಾದ ವರ್ಷದ ಲೆಕ್ಕ ಅಷ್ಟರೊಳಗೆ ಸಿದ್ಧವಿರಬೇಕು.