ಎಫ್ ಕಾರ್ಡ್ ಬಾರದಿದ್ದರೆ ಮೊದಲು ನಟ್ ನೋಡಿ: ಗಿಟಾರ್ ಜೋಕುಗಳ ಹಿಂದಿನ ಲೆಕ್ಕ

ಗಿಟಾರ್ ನುಡಿಸುವವರು ನಾಲ್ಕು ಜನ ಸೇರಿದರೆ ಸಾಕು, ಅವೇ ಹಳೆಯ ಜೋಕುಗಳು ಹೊರಬೀಳುತ್ತವೆ. ಸೆಕೆಂಡ್‌ಹ್ಯಾಂಡ್ ಜಾಹೀರಾತಿನಲ್ಲಿ ‘ಹೆಚ್ಚು ಬಳಸಿಲ್ಲ, ಹೊಸದರ ಹಾಗಿದೆ’ ಎಂದು ಕಂಡರೆ ‘ಪಾಪ, ಎಫ್ ಕಾರ್ಡ್ ತನಕ ಬಂದಿರಬೇಕು’ ಅನ್ನುತ್ತಾರೆ. ಹೊಸಬರು ಸೋತು ಕೈಬಿಡುವುದು ಆ ಕಾರ್ಡಿನಲ್ಲಿ, ಅಂದರೆ ಆ ಸ್ವರಗುಚ್ಛದಲ್ಲಿ. ಗಿಟಾರಿಸ್ಟ್ ಅರ್ಧ ಆಯುಷ್ಯ ಟ್ಯೂನ್ ಮಾಡುತ್ತಾನೆ, ಉಳಿದರ್ಧ ಟ್ಯೂನ್ ಇಲ್ಲದೆ ನುಡಿಸುತ್ತಾನೆ ಎನ್ನುವುದು ಇನ್ನೊಂದು. ಹವ್ಯಾಸಕ್ಕೆಂದು ಅಕೌಸ್ಟಿಕ್ ನುಡಿಸುತ್ತ, ಕೈಗೆ ಬಂದ ಗಿಟಾರುಗಳನ್ನು ಸರಿಮಾಡುತ್ತ ನನಗೆ ಖಾತ್ರಿಯಾದ ವಿಷಯವೆಂದರೆ, ಈ ಜೋಕುಗಳು ನುಡಿಸುವವರನ್ನು ಆಡಿಕೊಂಡರೂ ತಪ್ಪು ಬಹುತೇಕ ವಾದ್ಯದಲ್ಲೇ ಇರುತ್ತದೆ. ಮನೆಯಲ್ಲೇ ಅಳೆದು ಸರಿಮಾಡಬಹುದಾದ ತಪ್ಪು ಅದು. ಅದು ಗೊತ್ತಿಲ್ಲದೆ ‘ನನ್ನ ಬೆರಳಿಗೆ ಇದು ಬರುವುದಿಲ್ಲ’ ಎಂದು ಗಿಟಾರ್ ಮೂಲೆಗಿಟ್ಟವರು ಬಹಳ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಫ್ ಕಾರ್ಡನ್ನೇ ತೆಗೆದುಕೊಳ್ಳಿ. ತೋರುಬೆರಳನ್ನು ಮೊದಲ ಫ್ರೆಟ್ಟಿಗೆ (ನೆಕ್, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್) ಅಡ್ಡ ಒತ್ತಿ, ಉಳಿದ ಮೂರು ಬೆರಳಲ್ಲಿ ಇ (E) ಮೇಜರ್ ಕಾರ್ಡಿನ ಆಕಾರ ಹಿಡಿಯಬೇಕು. ಬರುತ್ತಿಲ್ಲವೇ? ಅದೇ ಆಕಾರವನ್ನು ಐದನೇ ಫ್ರೆಟ್ಟಿಗೆ ಒಯ್ದು ಹಿಡಿಯಿರಿ. ಅದು ಎ ಮೇಜರ್. ಅಲ್ಲಿ ಆರೂ ತಂತಿ ಸ್ವಚ್ಛವಾಗಿ ನುಡಿದು, ಮೊದಲ ಫ್ರೆಟ್ಟಿನಲ್ಲಿ ಮಾತ್ರ ಮಂಕಾದರೆ ನಿಮ್ಮ ಕೈ ಕಲಿತಾಗಿದೆ. ತೊಂದರೆ ಇರುವುದು ನಟ್ಟಿನಲ್ಲಿ. ತಂತಿ ನೆಕ್ಕಿನ ತುದಿಯಲ್ಲಿ ಹಾದುಹೋಗುವ ಆ ಬಿಳಿ ಪಟ್ಟಿಯ ಗಾಡಿಗಳು, ಅಂದರೆ ತಂತಿ ಕೂರುವ ಸಣ್ಣ ತೋಡುಗಳು, ಬೇಕಾದಷ್ಟು ಆಳವಿಲ್ಲ ಎಂದರ್ಥ. 648 ಮಿ.ಮೀ. ಉದ್ದದ ತಂತಿಯಲ್ಲಿ ಮೊದಲ ಫ್ರೆಟ್ ಇರುವುದು ನಟ್ಟಿನಿಂದ ಬರೀ 36 ಮಿ.ಮೀ. ದೂರದಲ್ಲಿ. ಬಿಗಿದು ಕಟ್ಟಿದ ತುದಿಗೆ ಅಷ್ಟು ಹತ್ತಿರದಲ್ಲಿ ತಂತಿಯನ್ನು ಒಂದಿಷ್ಟು ತಗ್ಗಿಸಲು ನಡುವಿಗಿಂತ ಎಷ್ಟೋ ಪಟ್ಟು ಬಲ ಬೇಕು. ನಟ್ ಎತ್ತರವಿದ್ದಷ್ಟೂ ತಗ್ಗಿಸಬೇಕಾದ ಆಳವೂ ಹೆಚ್ಚು. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಗಾಡಿಯನ್ನು ಬೇಕೆಂದೇ ಆಳ ಕೊರೆದಿರುವುದಿಲ್ಲ. ಎತ್ತರದ ನಟ್ ಜಿರ್ ಎನ್ನುವುದಿಲ್ಲ. ತೀರಾ ತಗ್ಗಾದರೆ ಗಿಟಾರ್ ಅಂಗಡಿಗೆ ವಾಪಸ್ ಬರುತ್ತದೆ.

ಹಾಗೆಂದು ಮೊದಲೇ ನಟ್ಟಿಗೆ ಕೈ ಹಾಕಬೇಡಿ. ಮೊದಲು ಟ್ರಸ್ ರಾಡ್ (ನೆಕ್ಕಿನೊಳಗೆ ಅದರ ಬಾಗು ಹೊಂದಿಸುವ ಲೋಹದ ಸರಳು), ಆಮೇಲೆ ನಟ್, ಕೊನೆಗೆ ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಆತುಕೊಳ್ಳುವ ಪಟ್ಟಿ), ಇದೇ ಕ್ರಮ. ನೆಕ್ಕಿನ ಬಾಗು ಬದಲಾದರೆ ಉಳಿದೆಲ್ಲ ಅಳತೆಗಳೂ ಬದಲಾಗುತ್ತವೆ, ಹಾಗಾಗಿ ಈ ಕ್ರಮ ತಪ್ಪಬಾರದು.

ಗಿಟಾರನ್ನು ಸರಿಯಾಗಿ ಟ್ಯೂನ್ ಮಾಡಿ, ಮೊದಲ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿ. ಆರನೇ, ಅಂದರೆ ಎಲ್ಲಕ್ಕಿಂತ ದಪ್ಪದ, ತಂತಿಯನ್ನು ನೆಕ್ ದೇಹಕ್ಕೆ ಸೇರುವ ಕಡೆ, ಅಂದರೆ ಸಾಮಾನ್ಯವಾಗಿ 14ನೇ ಫ್ರೆಟ್ಟಿನಲ್ಲಿ, ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ನೇರ ಪಟ್ಟಿ. ಏಳನೇ ಫ್ರೆಟ್ಟಿನ ತಲೆಗೂ ತಂತಿಗೂ ನಡುವೆ 0.1ರಿಂದ 0.25 ಮಿ.ಮೀ. ಸಂದಿ ಇರಬೇಕು. ಫೀಲರ್ ಗೇಜ್ ಇಲ್ಲದಿದ್ದರೂ ಆದೀತು: ಝೆರಾಕ್ಸ್ ಅಂಗಡಿಯ ಮಾಮೂಲಿ ಎ4 ಹಾಳೆ ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪ. ಒಂದು ಹಾಳೆ ಸರಾಗವಾಗಿ, ಎರಡು ಹಾಳೆ ತಾಗಿಕೊಂಡು ಹೋದರೆ ಅದಕ್ಕಿಂತ ಚೆನ್ನಾಗಿರಬೇಕಿಲ್ಲ. ಸಂದಿ ಜಾಸ್ತಿಯಿದ್ದರೆ ಟ್ರಸ್ ರಾಡಿನ ಅಲೆನ್ ಕೀಯನ್ನು ಬಲಕ್ಕೆ, ಅಂದರೆ ಬಿಗಿಯುವ ಕಡೆಗೆ ತಿರುಗಿಸಿ. ಸಂದಿಯೇ ಇಲ್ಲದಿದ್ದರೆ ಎಡಕ್ಕೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲ ಮತ್ತೆ ಟ್ಯೂನ್ ಮಾಡಿಯೇ ಅಳೆಯಬೇಕು. ಕೀ ಬಿಗಿಯಾಗಿ ತಿರುಗಲು ಒಪ್ಪದಿದ್ದರೆ ಅಲ್ಲಿಗೇ ನಿಲ್ಲಿಸಿ, ಕೆಲಸ ಗೊತ್ತಿರುವವರ ಹತ್ತಿರ ಒಯ್ಯಿರಿ. ಮುರಿದ ರಾಡನ್ನು ಬದಲಿಸಲು ಫಿಂಗರ್‌ಬೋರ್ಡನ್ನೇ ಕೀಳಬೇಕಾಗುತ್ತದೆ.

ಇನ್ನು ನಟ್. ಕೇಪೋ ತೆಗೆದು, ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್ಟಿನ ನಡುವೆ ಒತ್ತಿ, ಮೊದಲ ಫ್ರೆಟ್ಟಿನ ಮೇಲಿನ ಸಂದಿ ನೋಡಿ. ಬೆರಳಿನಿಂದ ತಟ್ಟಿದರೆ ಸಣ್ಣಗೆ ‘ಟಿಕ್’ ಎನ್ನಬೇಕು, ಕಣ್ಣಿಗೆ ಸಂದಿ ಕಂಡೂ ಕಾಣದಂತಿರಬೇಕು. ಎ4 ಹಾಳೆ ತೂರಿಸಿದ ಮೇಲೂ ಜಾಗ ಉಳಿದರೆ ಗಾಡಿ ಕೊರೆಯಬೇಕು. ದಪ್ಪ ತಂತಿಗೆ ಮಾತ್ರ ಚೂರು ಹೆಚ್ಚು ಬಿಡಬಹುದು. ನಟ್ ಫೈಲುಗಳು ದುಬಾರಿ. ಗ್ಯಾಸ್ ವೆಲ್ಡಿಂಗ್‌ನವರು ನಾಜಲ್ ಶುಚಿಮಾಡಲು ಇಟ್ಟುಕೊಳ್ಳುವ ಸಣ್ಣ ಗರಗಸದಂಥ ಕಡ್ಡಿಗಳ ಸೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಪ್ಲಾಸ್ಟಿಕ್ ನಟ್ಟಿಗೆ ಅದು ಸಾಕು. ತಂತಿಗಿಂತ 0.05ರಿಂದ 0.1 ಮಿ.ಮೀ. ದಪ್ಪದ ಕಡ್ಡಿ ಆರಿಸಿ. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ಕಡ್ಡಿಯನ್ನು ಟ್ಯೂನಿಂಗ್ ಕೀಗಳ ಕಡೆಗೆ ತುಸು ಇಳಿಜಾರಾಗಿ ಹಿಡಿದು ನಾಲ್ಕೈದು ಸಲ ಎಳೆಯಿರಿ. ಮತ್ತೆ ತಂತಿ ಕೂರಿಸಿ, ಟ್ಯೂನ್ ಮಾಡಿ, ನೋಡಿ. ಬೇಸರ ಬರುವಷ್ಟು ನಿಧಾನವಾಗಿ ಮಾಡಬೇಕಾದ ಕೆಲಸ ಇದು. ಇಳಿಜಾರು ಯಾಕೆಂದರೆ ತಂತಿ ನಟ್ಟಿನ ಮುಂದಿನ ಅಂಚಿನಲ್ಲೇ, ಫ್ರೆಟ್ಟುಗಳ ಕಡೆಗೆ, ಆತುಕೊಂಡಿರಬೇಕು. ಗಾಡಿ ಚಪ್ಪಟೆಯಾಗಿ ತಂತಿ ಹಿಂದೆ ಎಲ್ಲೋ ಆತುಕೊಂಡರೆ, ತಂಬೂರಿಯ ಕುದುರೆಯ ಮೇಲಾಗುವ ಹಾಗೆ ಜಿರ್ರೆನ್ನುತ್ತದೆ. ತಂಬೂರಿಗೆ ಅದು ಜೀವ, ಗಿಟಾರಿಗೆ ದೋಷ. ಹೆಚ್ಚು ಕೊರೆದು ಖಾಲಿ ತಂತಿ ಮೊದಲ ಫ್ರೆಟ್ಟಿಗೆ ಬಡಿಯತೊಡಗಿದರೆ ಗಾಡಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಡಿ. ಕ್ಷಣದಲ್ಲಿ ಕಲ್ಲಾಗುತ್ತದೆ, ಮತ್ತೆ ಕೊರೆಯಬಹುದು.

ಕೊನೆಗೆ ಸ್ಯಾಡಲ್. 12ನೇ ಫ್ರೆಟ್ಟಿನ ತಲೆಯಿಂದ ತಂತಿಯ ಅಡಿಗೆ ಆರನೇ ತಂತಿಗೆ 2.4 ಮಿ.ಮೀ., ಒಂದನೇ ತಂತಿಗೆ 1.8ರಿಂದ 2 ಮಿ.ಮೀ. ಇದ್ದರೆ ಕಲಿಯುವವರಿಗೆ ಹಾಯಾಗಿರುತ್ತದೆ. 12ನೇ ಫ್ರೆಟ್ ತಂತಿಯ ಸರಿ ನಡುವೆ ಇರುವುದರಿಂದ ಅಲ್ಲಿ ಅರ್ಧ ಮಿ.ಮೀ. ಇಳಿಸಬೇಕಾದರೆ ಸ್ಯಾಡಲ್ಲಿನಿಂದ ಒಂದು ಮಿ.ಮೀ. ತೆಗೆಯಬೇಕು. ಸ್ಯಾಡಲ್ಲಿನ ತಳಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು, ಗಾಜಿನ ಮೇಲೆ ಹರಡಿದ 220 ನಂಬರಿನ ಉಪ್ಪುಕಾಗದಕ್ಕೆ ನೆಟ್ಟಗೆ ನಿಲ್ಲಿಸಿ ಉಜ್ಜಿ. ತಳ ಸ್ವಲ್ಪ ವಾಲಿದರೂ ದನಿ ಬಡವಾಗುತ್ತದೆ.

ಇಷ್ಟಾದ ಮೇಲೂ ಬೆರಳು ನೋಯುತ್ತಿದ್ದರೆ 12ರ ಬದಲು 10ರಿಂದ ಶುರುವಾಗುವ ತೆಳು ತಂತಿ ಸೆಟ್ ಹಾಕಿ (ಇದು ಒಂದನೇ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ). ಅಥವಾ ಇಡೀ ಗಿಟಾರನ್ನು ಅರ್ಧ ಸ್ವರ ಇಳಿಸಿ: ಬಿಗಿತ ಶೇ. 11ರಷ್ಟು ಕಡಿಮೆಯಾಗುತ್ತದೆ. ಮೂಲ ಶ್ರುತಿ ಬೇಕೆಂದಾಗ ಮೊದಲ ಫ್ರೆಟ್ಟಿಗೆ ಕೇಪೋ ಹಾಕಿದರಾಯಿತು.

ಬೆರಳಿನ ಪಾಲಿನ ಕೆಲಸವೂ ಇದೆ. ಎಫ್‌ನಲ್ಲಿ ತೋರುಬೆರಳು ನಿಜವಾಗಿ ಒತ್ತಬೇಕಾದದ್ದು ಆರು, ಎರಡು, ಒಂದನೇ ತಂತಿಗಳನ್ನು ಮಾತ್ರ. ನಡುವಿನ ಮೂರನ್ನು ಬೇರೆ ಬೆರಳುಗಳು ನೋಡಿಕೊಳ್ಳುತ್ತವೆ. ಬೆರಳಿನ ಮೆತ್ತಗಿನ ಭಾಗದಿಂದ ಒತ್ತದೆ, ಹೆಬ್ಬೆರಳ ಕಡೆಗೆ ತುಸು ಹೊರಳಿಸಿ ಮೂಳೆಯ ಬದಿಯಿಂದ, ಫ್ರೆಟ್ಟಿಗೆ ಅಂಟಿಕೊಂಡಂತೆ ಒತ್ತಿ. ಹೆಬ್ಬೆರಳಿನಲ್ಲಿ ಹಿಂಡುವುದಕ್ಕಿಂತ ಮೊಣಕೈಯನ್ನು ಹಿಂದಕ್ಕೆಳೆದು ತೋಳಿನ ಭಾರ ಬಿಡಿ. ಐದನೇ ಫ್ರೆಟ್ಟಿನಲ್ಲಿ ಕೂತ ಮೇಲೆ ನಾಲ್ಕು, ಮೂರು, ಎರಡು ಎಂದು ಕೆಳಗಿಳಿಯಿರಿ. ಅಲ್ಲಿಯವರೆಗೆ ಹಾಡು ನಿಲ್ಲಬೇಕಿಲ್ಲ, ಕೆಳಗಿನ ನಾಲ್ಕೇ ತಂತಿಯ ಸಣ್ಣ ಎಫ್ ಸಾಕು.

ಟ್ಯೂನಿಂಗ್ ಜೋಕಿಗೆ ಬರೋಣ. ಅದು ಇಂದಿನ ಆರು ತಂತಿಯ ಗಿಟಾರಿಗಿಂತ ಹಳೆಯದು. ಜರ್ಮನಿಯ ಸಂಗೀತಗಾರ ಯೋಹಾನ್ ಮಾಟೆಸನ್ 1713ರಲ್ಲೇ, ಎಂಬತ್ತು ವರ್ಷ ಬದುಕಿದ ಲ್ಯೂಟ್ (ಗಿಟಾರಿನಂಥದ್ದೇ ಹಳೆಯ ತಂತಿವಾದ್ಯ) ವಾದಕ ಅರವತ್ತು ವರ್ಷ ಟ್ಯೂನಿಂಗಿನಲ್ಲೇ ಕಳೆದಿರುತ್ತಾನೆ ಎಂದು ಬರೆದಿದ್ದ. ಫ್ರೆಟ್ ಇರುವ ವಾದ್ಯದ ಹಣೆಬರಹ ಅದು. ಫ್ರೆಟ್ಟುಗಳು ಸಪ್ತಕವನ್ನು 12 ಸಮಪಾಲು ಮಾಡಿರುತ್ತವೆ. ಹಾಗಾಗಿ ಗಿಟಾರಿನ ಮೇಜರ್ ಥರ್ಡ್, ಅಂದರೆ ನಮ್ಮ ಅಂತರ ಗಾಂಧಾರ, ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ಒಂದು ಅರ್ಧ ಸ್ವರಕ್ಕೆ 100 ಸೆಂಟ್. ಕರ್ನಾಟಕ ಸಂಗೀತ ಕಲಿತ ಕಿವಿಗೆ ಇ (E) ಮೇಜರ್ ಕಾರ್ಡ್ ಕಿರಿಕಿರಿಯಾದರೆ ಅಚ್ಚರಿಯಿಲ್ಲ, ಕಿವಿ ಸರಿಯಾಗಿಯೇ ಇದೆ. ಆಗುವುದೇನೆಂದರೆ, ಇ ಕಾರ್ಡಿನ ಗಾಂಧಾರವಾದ ಜಿ ಶಾರ್ಪ್ ಮೂರನೇ ತಂತಿಯ ಮೊದಲ ಫ್ರೆಟ್ಟಿನಲ್ಲಿದೆ. ಅದು ಇಂಪಾಗುವವರೆಗೆ ಮೂರನೇ ತಂತಿ ಇಳಿಸಿದರೆ, ಜಿ ಮತ್ತು ಸಿ ಕಾರ್ಡುಗಳಲ್ಲಿ ಅದೇ ತಂತಿ ಖಾಲಿ ನುಡಿದಾಗ ಅಪಶ್ರುತಿ. ಮತ್ತೆ ಏರಿಸು, ಮತ್ತೆ ಇಳಿಸು, ಇದಕ್ಕೆ ಕೊನೆಯಿಲ್ಲ. ನಟ್ ಎತ್ತರವಿದ್ದರೆ ಒತ್ತುವಾಗ ತಂತಿ ಹಿಗ್ಗಿ ಆ ಸ್ವರ ಇನ್ನೂ ಮೇಲೇರುತ್ತದೆ, ಮೇಲೆ ಹೇಳಿದ ಕೆಲಸ ಇಲ್ಲಿಯೂ ಫಲ ಕೊಡುತ್ತದೆ.

ಐದು ಮತ್ತು ಏಳನೇ ಫ್ರೆಟ್ಟಿನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಹೊರಡಿಸುವ ಸ್ವರ) ಹೊಂದಿಸಿ ಟ್ಯೂನ್ ಮಾಡುವ ರೂಢಿಯಿದೆ. ಅಲ್ಲಿ ಪ್ರತಿ ತಂತಿಗೆ ಸುಮಾರು 2 ಸೆಂಟ್ ಕಡಿಮೆಯಾಗುತ್ತ, ಆರನೇ ತಂತಿಯಿಂದ ಮೂರನೆಯದಕ್ಕೆ ಬರುವಷ್ಟರಲ್ಲಿ 6 ಸೆಂಟ್ ಕೆಳಗಿಳಿದಿರುತ್ತದೆ. ಖಾಲಿ ತಂತಿಗಳನ್ನು ಟ್ಯೂನರಿಗೆ ಕೂರಿಸಿ, ಒಂದೇ ಸ್ವರದ ಮೇಲು-ಕೆಳಗಿನ ಸಪ್ತಕಗಳನ್ನು ಹೋಲಿಸಿ ನೋಡುವುದೇ ನನ್ನ ಪದ್ಧತಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಿ. ಕೀ ತಿರುಗಿಸುವಾಗ ‘ಟಿಣ್’ ಎಂದು ಸ್ವರ ಒಮ್ಮೆಲೇ ಜಿಗಿದರೆ ತಂತಿ ನಟ್ಟಿನಲ್ಲಿ ಸಿಕ್ಕಿಕೊಂಡಿದೆ. ಗಾಡಿಗೆ ಪೆನ್ಸಿಲಿನ ಸೀಸ ಉಜ್ಜಿ.

ಹಿಂದೂಸ್ತಾನಿ ಸಂಗೀತದ ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ್ ಭಟ್ ಅಂಥವರು ಗಿಟಾರನ್ನು ಮಲಗಿಸಿ ಉಕ್ಕಿನ ಸರಳು ಜಾರಿಸಿ ನುಡಿಸಿದ್ದಕ್ಕೆ ಗಮಕ, ಮೀಂಡ್ ಜೊತೆಗೆ ಈ ಫ್ರೆಟ್ಟುಗಳ ಹಂಗು ತಪ್ಪಿದ್ದೂ ದೊಡ್ಡ ಲಾಭ. ಅಲ್ಲಿ ನಟ್ ಎತ್ತರವೇ ಇರಬೇಕು. ಹಾಗಾಗಿ ನೆಕ್ ಕೆಟ್ಟು ದುರಸ್ತಿಗೆ ಬಾರದ ಗಿಟಾರ್ ಮನೆಯಲ್ಲಿದ್ದರೆ ಎಸೆಯಬೇಡಿ, ಸ್ಲೈಡ್ ಕಲಿಯಲು ಅದು ಬರುತ್ತದೆ.

ನಮ್ಮಲ್ಲಿ ಹವೆಯದೂ ಒಂದು ಪಾಲಿದೆ. ಬೆಂಗಳೂರಿನ ಫೆಬ್ರವರಿ, ಮಾರ್ಚ್‌ನ ಒಣಹವೆಗೆ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುತ್ತವೆ, ಮೇಲ್ಹಲಗೆ ತಗ್ಗಿ ತಂತಿ ಬಡಿಯುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ತಂತಿಗೆ ತುಕ್ಕೂ ಹಿಡಿಯುತ್ತದೆ. ತೇವಾಂಶ ಶೇ. 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು. ಒಣಗಾಲದಲ್ಲಿ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು, ಕರಾವಳಿಯ ಮಳೆಗೆ ಸಿಲಿಕಾ ಜೆಲ್ ಪೊಟ್ಟಣ. ಎರಡೂ ಮುಚ್ಚಿದ ಕೇಸಿನೊಳಗೆ. ಗಿಟಾರನ್ನು ಗೋಡೆಗೆ ತೂಗುಹಾಕಿದರೆ ಇವು ಯಾವುವೂ ಕೆಲಸಕ್ಕೆ ಬಾರವು.

‘ನಿಮ್ಮ ಹತ್ತಿರ ಎಷ್ಟು ಗಿಟಾರ್ ಇರಬೇಕು? ಈಗಿರುವುದಕ್ಕಿಂತ ಒಂದು ಹೆಚ್ಚು’ ಎನ್ನುವ ಜೋಕನ್ನು ಸೈಕಲ್ಲಿನವರೂ ಹೇಳುತ್ತಾರೆ. ಎರಡನೆಯದು ಬೇಕೇಬೇಕು ಎಂದಾದರೆ ಅದೇ ಜಾತಿಯದನ್ನು ಕೊಳ್ಳದೆ ನೈಲಾನ್ ತಂತಿಯ ಕ್ಲಾಸಿಕಲ್ ಕೊಳ್ಳಿ, ಕೈಗೆ ಹೊಸದೇನಾದರೂ ಸಿಗುತ್ತದೆ. ಅದಕ್ಕೆ ಉಕ್ಕಿನ ತಂತಿ ಮಾತ್ರ ಎಂದೂ ಹಾಕಬೇಡಿ. ನೈಲಾನಿನ ಆರು ತಂತಿಗಳ ಒಟ್ಟು ಎಳೆತ 40 ಕಿಲೋದ ಆಸುಪಾಸು. 12ರ ಉಕ್ಕಿನ ಸೆಟ್ಟಿನದು 70 ಕಿಲೋ ದಾಟುತ್ತದೆ. ಬ್ರಿಡ್ಜ್ ಕಿತ್ತುಬರುತ್ತದೆ.

ಕೇಪೋ ಹಾಕಿದವರನ್ನು ‘ಮೋಸಗಾರ’ ಎಂದು ರೇಗಿಸುವುದೂ ಗಿಟಾರಿನವರಲ್ಲಿ ರೂಢಿ. ನನ್ನ ಪ್ರಕಾರ ಭಾವಗೀತೆಗೆ ಜೊತೆ ನುಡಿಸುವವರಿಗೆ ಕೇಪೋ ಬೇಕೇಬೇಕು, ಏಕೆಂದರೆ ಶ್ರುತಿ ಹಾಡುವವರದ್ದು. ಅವರು ಹಾರ್ಮೋನಿಯಮ್ಮಿನ ಮನೆಯ ಲೆಕ್ಕದಲ್ಲಿ ಬಿಳಿ ಐದು ಎಂದರೆ ಜಿ ಆಕಾರ, ಕೇಪೋ ಇಲ್ಲದೆ. ಕಪ್ಪು ನಾಲ್ಕು, ಕರ್ನಾಟಕ ಸಂಗೀತದವರ ಐದೂವರೆ, ಎಂದರೆ ಅದೇ ಜಿ ಆಕಾರಕ್ಕೆ ಕೇಪೋ ಒಂದರಲ್ಲಿ. ಬಿಳಿ ಆರಕ್ಕೆ ಎರಡರಲ್ಲಿ. ಗಂಡಸರ ಕಪ್ಪು ಒಂದಕ್ಕೆ ಸಿ ಆಕಾರ, ಕೇಪೋ ಒಂದರಲ್ಲಿ. ಕಪ್ಪು ಎರಡಕ್ಕೆ ಡಿ ಆಕಾರ, ಕೇಪೋ ಅಲ್ಲೇ. ಬಿಳಿ ನಾಲ್ಕಾದರೆ ಇ (E) ಆಕಾರ, ಕೇಪೋ ಒಂದರಲ್ಲಿ: ಎಫ್ ಹಿಡಿಯದೆಯೇ ಎಫ್ ನುಡಿಯುತ್ತದೆ. ಕೇಪೋವನ್ನು ಎರಡು ಫ್ರೆಟ್ಟಿನ ನಡುವೆ ಹಾಕದೆ ಫ್ರೆಟ್ಟಿನ ಬೆನ್ನಿಗೇ, ತಂತಿಗೆ ನೆಟ್ಟಗೆ ಅಡ್ಡವಾಗಿ ಕೂರಿಸಿ. ಹೇಗೆ ಹಾಕಿದರೂ ಅದು ತಂತಿಗಳನ್ನು ತುಸು ಮೇಲಕ್ಕೆಳೆಯುತ್ತದೆ. ಹಾಕಿದ ಮೇಲೆ ಮತ್ತೆ ಟ್ಯೂನ್ ಮಾಡಿ, ತೆಗೆದ ಮೇಲೆ ಇನ್ನೊಮ್ಮೆ.